ಆರು ದೇಶಗಳ ಶಿಕ್ಷಕರು, ಒಬ್ಬ ಮುಖ್ಯಸ್ಥೆ: ಮೊದಲು ಯಾವ ಪುಸ್ತಕ ಓದಲಿ?

ಪ್ರಶ್ನೆ: ಹದಿನಾಲ್ಕು ವರ್ಷ ಮೈಸೂರಿನಲ್ಲಿ ಗಣಿತ ಕಲಿಸಿದ್ದೇನೆ. ಈಗ ಕೊಲ್ಲಿ ದೇಶವೊಂದರ ಅಂತರರಾಷ್ಟ್ರೀಯ ಶಾಲೆಯಲ್ಲಿ ವಿಭಾಗದ ಮುಖ್ಯಸ್ಥೆಯಾಗಿ ಸೇರುತ್ತಿದ್ದೇನೆ. ವಿಭಾಗದಲ್ಲಿ ಆರು ದೇಶಗಳ ಶಿಕ್ಷಕರಿದ್ದಾರೆ. ನಾಯಕತ್ವದ ಬಗ್ಗೆ, ಬೇರೆ ಸಂಸ್ಕೃತಿಯವರನ್ನು ಅರಿಯುವ ಬಗ್ಗೆ ಏನನ್ನು ಓದಿಕೊಂಡು ಹೋಗಲಿ? ಪಟ್ಟಿ ಉದ್ದವಾದರೆ ಓದಲಾರೆ.

ಉತ್ತರ: ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಅಷ್ಟು ಹೊತ್ತಿಗೆ ಒಂದು ಪುಸ್ತಕವನ್ನು ಕೊಂಡುಕೊಂಡೇ ಇರುತ್ತಾರೆ. ಯಾವ ದೇಶದವರು ಹೇಗೆ ಎಂದು ಅಂಕ ಹಾಕಿ ಹೇಳುವ ಪುಸ್ತಕ ಅದು. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಅದನ್ನೇ ಮೊದಲು ಓದಿದವರಿಗೆ ಮುಂದೆ ಎದುರಿಗೆ ಕುಳಿತ ಮನುಷ್ಯ ಕಾಣುವುದಿಲ್ಲ, ಅವನ ಪಾಸ್‌ಪೋರ್ಟ್ ಮಾತ್ರ ಕಾಣುತ್ತದೆ. ಹಾಗಾಗಿ ಯಾವ ಪುಸ್ತಕ ಎನ್ನುವುದಕ್ಕಿಂತ ಯಾವುದರ ನಂತರ ಯಾವುದು ಎನ್ನುವುದರಲ್ಲಿ ನನಗೆ ಹಟ ಜಾಸ್ತಿ. ಮೊದಲು ಒಂದೇ ಒಂದು ಕುಟುಂಬದ ಕಥೆ ಓದಿ. ಅಂಕಿಗಳು ಆಮೇಲೆ ಬರಲಿ.

ಆ ಕಥೆ ಶಾಲೆಯದಲ್ಲ, ಆಸ್ಪತ್ರೆಯದು. ಆನ್ ಫ್ಯಾಡಿಮನ್ ಬರೆದು 1997ರಲ್ಲಿ ಪ್ರಕಟವಾದ ‘ದಿ ಸ್ಪಿರಿಟ್ ಕ್ಯಾಚಸ್ ಯೂ ಅಂಡ್ ಯೂ ಫಾಲ್ ಡೌನ್’. ಲಾವೋಸ್‌ನ ಬೆಟ್ಟಗಳಿಂದ ನಿರಾಶ್ರಿತರಾಗಿ ಅಮೆರಿಕಕ್ಕೆ ಬಂದ ಹ್ಮಾಂಗ್ ಜನಾಂಗದ ದಂಪತಿಗೆ 1982ರಲ್ಲಿ ಕ್ಯಾಲಿಫೋರ್ನಿಯಾದ ಮರ್ಸೆಡ್ ಎಂಬ ಊರಿನಲ್ಲಿ ಲಿಯಾ ಎಂಬ ಮಗಳು ಹುಟ್ಟುತ್ತಾಳೆ. ಕೂಸಿಗೆ ಮೂರು ತಿಂಗಳಾಗುವಾಗ ಸೆಳೆತ ಶುರುವಾಗುತ್ತದೆ. ವೈದ್ಯರು ಅದನ್ನು ಮೂರ್ಛೆರೋಗ ಎಂದರು. ಅಕ್ಕ ಬಾಗಿಲನ್ನು ದಢಾರನೆ ಹಾಕಿದ ಸದ್ದಿಗೆ ಮಗುವಿನ ಆತ್ಮ ಬೆದರಿ ಓಡಿಹೋಯಿತು ಎಂದರು ಹೆತ್ತವರು. ಬೆಚ್ಚಿಬಿದ್ದ ಮಗುವಿಗೆ ತಾಯಿತ ಕಟ್ಟಿಸಿದ ಅಜ್ಜಿಯರಿರುವ ನಮಗೆ ಇದು ಅಷ್ಟೇನೂ ದೂರದ ಮಾತಲ್ಲ. ಕೆಲವೇ ವರ್ಷಗಳಲ್ಲಿ ಲಿಯಾಳ ಔಷಧಗಳನ್ನು 23 ಸಲ ಬದಲಿಸಿದರು. ಸೀಸೆಯ ಮೇಲಿನ ಚೀಟಿ ಓದಲು ತಂದೆತಾಯಿಗೆ ಬಾರದು. ಓದಿ ಹೇಳಿದರೂ ಆ ಔಷಧವೇ ಮಗುವನ್ನು ಕೆಡಿಸುತ್ತಿದೆ ಎಂಬ ಅನುಮಾನ. ಔಷಧ ಸರಿಯಾಗಿ ಕೊಡುತ್ತಿಲ್ಲವೆಂದು ವೈದ್ಯರು ವರದಿ ಮಾಡಿದ ಮೇಲೆ ಸರ್ಕಾರ ಮಗುವನ್ನು ಕೆಲವು ಕಾಲ ಬೇರೊಂದು ಮನೆಯಲ್ಲಿರಿಸಿತು. 1986ರಲ್ಲಿ ಬಂದ ದೊಡ್ಡ ಸೆಳೆತದ ನಂತರ ಲಿಯಾಗೆ ಪ್ರಜ್ಞೆ ಮರಳಲಿಲ್ಲ. ಇನ್ನೇನು ಹೋಗುತ್ತಾಳೆ ಎಂದು ವೈದ್ಯರು ಕೈಚೆಲ್ಲಿದ ಮಗುವನ್ನು ಹೆತ್ತವರು ಮನೆಗೆ ಕರೆದೊಯ್ದು ನೋಡಿಕೊಂಡರು. ಅವಳು ಬದುಕಿದ್ದು 2012ರವರೆಗೆ.

ಈ ಪುಸ್ತಕದಲ್ಲಿ ಖಳರಿಲ್ಲ. ವೈದ್ಯರು ದಕ್ಷರು, ರಾತ್ರಿ ಹಗಲೆನ್ನದೆ ದುಡಿದವರು. ತಂದೆತಾಯಿಗೆ ಮಗಳೆಂದರೆ ಜೀವ. ಇಬ್ಬರೂ ಒಳ್ಳೆಯವರಾಗಿದ್ದೂ ಹೀಗಾಗಬಹುದು ಎಂಬುದನ್ನು ಇಷ್ಟು ವಿವರವಾಗಿ ತೋರಿಸುವ ಇನ್ನೊಂದು ಪುಸ್ತಕ ನನಗೆ ಸಿಕ್ಕಿಲ್ಲ. ಶಾಲೆಯವರಿಗೆ ಇದರಿಂದ ನೇರ ಉಪಯೋಗವೂ ಉಂಟು. ಮನೋವೈದ್ಯ ಹಾಗೂ ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ರೂಪಿಸಿದ ಎಂಟು ಪ್ರಶ್ನೆಗಳು ಇದರಲ್ಲಿ ಬರುತ್ತವೆ. ಈ ಕಾಯಿಲೆಯನ್ನು ನೀವು ಏನೆಂದು ಕರೆಯುತ್ತೀರಿ? ಯಾಕೆ ಬಂತೆಂದು ನಿಮಗನ್ನಿಸುತ್ತದೆ? ಆಗಲೇ ಯಾಕೆ ಶುರುವಾಯಿತು? ಇದರಲ್ಲಿ ನಿಮಗೆ ಅತಿ ಹೆಚ್ಚು ಭಯ ಯಾವುದರದು? ಹೀಗೆ. ‘ಕಾಯಿಲೆ’ ಇದ್ದಲ್ಲಿ ‘ಲೆಕ್ಕದಲ್ಲಿ ಹಿಂದೆ ಬಿದ್ದದ್ದು’ ಎಂದು ಹಾಕಿ ಪೋಷಕರನ್ನು ಕೇಳಿ ನೋಡಿ. ಮನೆಯಲ್ಲಿ ಓದಿಸುವುದಿಲ್ಲ ಎಂದು ನೀವು ತಿಳಿದಿದ್ದ ತಾಯಿ, ಮನೆಯಲ್ಲಿ ತಾನು ಹೇಳಿಕೊಟ್ಟರೆ ಶಿಕ್ಷಕರಿಗೆ ಅಗೌರವವಾಗುತ್ತದೆ ಎಂದುಕೊಂಡಿರಬಹುದು. ಕೇಳದೆ ಅದು ಗೊತ್ತಾಗುವುದು ಹೇಗೆ?

ಎರಡನೆಯದಾಗಿ ಎಡ್ವರ್ಡ್ ಹಾಲ್. ಇವರು 1950ರ ದಶಕದಲ್ಲಿ ಹೊರದೇಶಗಳಿಗೆ ಹೊರಟ ಅಮೆರಿಕದ ರಾಜತಾಂತ್ರಿಕರಿಗೆ ತರಬೇತಿ ಕೊಟ್ಟವರು. 1959ರ ‘ದಿ ಸೈಲೆಂಟ್ ಲ್ಯಾಂಗ್ವೇಜ್’ನಲ್ಲಿ ಕಾಲವೂ ಮಾತನಾಡುತ್ತದೆ, ಜಾಗವೂ ಮಾತನಾಡುತ್ತದೆ ಎಂದು ತೋರಿಸಿದರು. 1976ರ ‘ಬಿಯಾಂಡ್ ಕಲ್ಚರ್’ನಲ್ಲಿ, ಕೆಲವು ಸಮಾಜಗಳಲ್ಲಿ ಅರ್ಥವೆಲ್ಲ ಮಾತಿನಲ್ಲೇ ಇರುತ್ತದೆ, ಇನ್ನು ಕೆಲವುಗಳಲ್ಲಿ ಸಂದರ್ಭದಲ್ಲಿರುತ್ತದೆ ಎಂದು ವಿಂಗಡಿಸಿದರು. ಇದಕ್ಕೆ ನಮಗೆ ವಿದೇಶದ ಉದಾಹರಣೆ ಬೇಕಿಲ್ಲ. ‘ಆಗಲಿ, ನೋಡೋಣ’ ಎಂದರೆ ಏನರ್ಥ? ಮೈಸೂರಿನವರಿಗೆ ಅದು ಬಹುಪಾಲು ‘ಇಲ್ಲ’. ಜರ್ಮನ್ ಸಹೋದ್ಯೋಗಿ ಅದನ್ನು ‘ಹೌದು’ ಎಂದು ಡೈರಿಯಲ್ಲಿ ಬರೆದುಕೊಂಡಾನು. ಸಭೆಯಲ್ಲಿ ಒಪ್ಪಿಕೊಂಡು ಮಾತು ತಪ್ಪಿದವರು ಎಂಬ ಹೆಸರು ಬರಲು ಇಷ್ಟು ಸಾಕು. ಹಾಲ್ ಅವರ ಬರಹ ಹಳೆಯದು, ಕೆಲವು ಕಡೆ ಆ ಕಾಲದ ಧೋರಣೆಯೂ ಇಣುಕುತ್ತದೆ. ಆದರೂ ಓದಿದವರ ಕಿವಿ ಸೂಕ್ಷ್ಮವಾಗುತ್ತದೆ.

ಇಷ್ಟಾದ ಮೇಲೆ ಅಂಕಿಗಳ ಕಡೆ ಹೋಗಬಹುದು. ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ 1967ರಿಂದ 1973ರ ನಡುವೆ ಐಬಿಎಂ ಕಂಪನಿಯ ಹಲವು ದೇಶಗಳ ನೌಕರರಿಂದ ಸಂಗ್ರಹಿಸಿದ ಉತ್ತರಗಳನ್ನು ಆಧರಿಸಿ 1980ರಲ್ಲಿ ‘ಕಲ್ಚರ್ಸ್ ಕಾನ್ಸಿಕ್ವೆನ್ಸಸ್’ ಪ್ರಕಟಿಸಿದರು. ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಇರುವುದನ್ನು ಜನ ಎಷ್ಟರಮಟ್ಟಿಗೆ ಸಹಜವೆಂದು ಒಪ್ಪುತ್ತಾರೆ ಎಂಬುದಕ್ಕೆ ಅವರಿಟ್ಟ ಅಳತೆಯಲ್ಲಿ ಭಾರತಕ್ಕೆ 77, ಡೆನ್ಮಾರ್ಕಿಗೆ 18. ಡೇನಿಷ್ ಶಿಕ್ಷಕ ನಿಮ್ಮನ್ನು ಹೆಸರು ಹಿಡಿದು ಕರೆದು, ನಿಮ್ಮ ಯೋಜನೆ ಸರಿಯಿಲ್ಲ ಎಂದು ಎಲ್ಲರ ಎದುರಿಗೇ ಹೇಳಿದರೆ ಅದು ಉದ್ಧಟತನವಾಗಿರಲಿಕ್ಕಿಲ್ಲ ಎಂದು ತಿಳಿಯಲು ಈ ಅಂಕಿ ಸಾಕು. ಅದಕ್ಕಿಂತ ಹೆಚ್ಚಿನದಕ್ಕೆ ಸಾಲದು. ಒಂದೇ ಕಂಪನಿಯ ನೌಕರರಿಂದ ಇಡೀ ದೇಶವನ್ನು ಅಳೆಯಬಹುದೇ ಎಂಬ ಆಕ್ಷೇಪ ಹಳೆಯದು. ಬೀದರಿಗೂ ಮಡಿಕೇರಿಗೂ ಒಂದೇ 77 ಎಂದರೆ ನಗು ಬರುವುದಿಲ್ಲವೇ? ಸರಾಸರಿಯನ್ನು ಒಬ್ಬ ವ್ಯಕ್ತಿಗೆ ಅಂಟಿಸಬೇಡಿ ಎಂದು ಹಾಫ್‌ಸ್ಟೆಡ್ ಅವರೇ ಎಚ್ಚರಿಸಿದ್ದರು. ತರಬೇತಿ ಶಿಬಿರಗಳಲ್ಲಿ ಆ ಎಚ್ಚರಿಕೆಯನ್ನು ಬಿಟ್ಟು ಪಟ್ಟಿಯನ್ನಷ್ಟೇ ತೋರಿಸುತ್ತಾರೆ.

ಎರಿನ್ ಮೇಯರ್ ಅವರ ‘ದಿ ಕಲ್ಚರ್ ಮ್ಯಾಪ್’ (2014) ಓದಲು ಸುಲಭ. ಉದಾಹರಣೆಗಳೆಲ್ಲ ಕಾರ್ಪೊರೇಟ್ ಜಗತ್ತಿನವು. ನಿಮಗೆ ಬೇಕಾದದ್ದು ಟೀಕೆಯ ಕುರಿತ ಅಧ್ಯಾಯ. ಸ್ಪಷ್ಟವಾಗಿ ಮಾತನಾಡುವವರು ತಪ್ಪನ್ನೂ ನೇರವಾಗಿ ಹೇಳುತ್ತಾರೆಂದು ನಾವು ಭಾವಿಸುತ್ತೇವೆ. ಅಮೆರಿಕದವರು ಹಾಗಲ್ಲ, ಮೊದಲು ಹೊಗಳಿ ನಡುವೆ ತಪ್ಪನ್ನು ತುರುಕುತ್ತಾರೆ. ಅಮೆರಿಕದ ಮೇಲಧಿಕಾರಿಯ ಅಂಥ ಟೀಕೆಯನ್ನು ಫ್ರೆಂಚ್ ಮಹಿಳೆಯೊಬ್ಬರು ಪ್ರಶಂಸೆ ಎಂದೇ ತಿಳಿದು ಸಂತೋಷಪಟ್ಟ ಪ್ರಸಂಗ ಅದರಲ್ಲಿದೆ. ತರಗತಿ ವೀಕ್ಷಣೆ ಮಾಡಿ ಶಿಕ್ಷಕರ ಜತೆ ಕೂರುವ ಮುನ್ನ ಆ ಅಧ್ಯಾಯವನ್ನು ಇನ್ನೊಮ್ಮೆ ತಿರುವಿಹಾಕಿ.

ಮಕ್ಕಳ ವಿಷಯಕ್ಕೆ ಬಂದರೆ ಡೇವಿಡ್ ಪೊಲಾಕ್ ಮತ್ತು ರೂತ್ ವ್ಯಾನ್ ರೆಕೆನ್ ಅವರ ‘ಥರ್ಡ್ ಕಲ್ಚರ್ ಕಿಡ್ಸ್’ (1999). ತಂದೆತಾಯಿಯ ನೌಕರಿಯ ಕಾರಣಕ್ಕೆ ಪರದೇಶದಲ್ಲಿ ಬೆಳೆಯುವ ಮಕ್ಕಳಿಗೆ ಇಟ್ಟ ಹೆಸರು ಇದು. ಆ ಪದದ ಬೇರು ಭಾರತದಲ್ಲಿದೆ: 1950ರ ದಶಕದಲ್ಲಿ ಇಲ್ಲಿ ನೆಲೆಸಿದ್ದ ಅಮೆರಿಕನ್ನರನ್ನು ಅಧ್ಯಯನ ಮಾಡಲು ಬಂದ ಜಾನ್ ಮತ್ತು ರೂತ್ ಯೂಸೀಮ್ ದಂಪತಿ ಅದನ್ನು ಬಳಕೆಗೆ ತಂದರು. ‘ನಿಮ್ಮದು ಯಾವ ಊರು?’ ಎಂಬುದು ನಮ್ಮಲ್ಲಿ ಪರಿಚಯದ ಮೊದಲ ಪ್ರಶ್ನೆ. ಈ ಮಕ್ಕಳಿಗೆ ಅದು ಪರೀಕ್ಷೆಯ ಕಠಿಣ ಪ್ರಶ್ನೆ. ಶಾಲೆ ಬಿಟ್ಟು ಹೋಗುವವರಿಗೆ ಪೊಲಾಕ್ ಒಂದು ಕ್ರಮ ಹೇಳಿದ್ದರು: ಮುನಿಸಿದ್ದರೆ ತಿಳಿಮಾಡಿಕೊಳ್ಳುವುದು, ಉಪಕಾರ ನೆನೆಯುವುದು, ಜನರಿಗೂ ಜಾಗಕ್ಕೂ ವಿದಾಯ ಹೇಳುವುದು, ಹೋಗುವ ಊರನ್ನು ಕಲ್ಪಿಸಿಕೊಳ್ಳುವುದು. ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದರೆ ತೆಪ್ಪ ಎಂಬ ಅರ್ಥದ ಪದವಾಗುತ್ತದೆ. ಮಕ್ಕಳಿಗಿಂತ ಮೊದಲು ನೀವೇ ಬಳಸಿ. ಮೈಸೂರಿನ ಸ್ಟಾಫ್ ರೂಮಿನಲ್ಲಿ ಯಾರ ಜತೆಗಾದರೂ ಮಾತು ಬಿಟ್ಟಿದ್ದರೆ ಹೊರಡುವ ಮುನ್ನ ಹೋಗಿ ಮಾತನಾಡಿಸಿ.

ನಾಯಕತ್ವಕ್ಕೆಂದೇ ಬರೆದ ಪುಸ್ತಕಗಳಲ್ಲಿ ಹೆಚ್ಚಿನವು ನನಗೆ ರುಚಿಸುವುದಿಲ್ಲ. ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಬರೆದ ‘ದಿ ಸರ್ವೆಂಟ್ ಆ್ಯಸ್ ಲೀಡರ್’ ಎಂಬ ಪುಟ್ಟ ಪ್ರಬಂಧ ಸಾಕು. ನಾಯಕನಿಂದ ಸೇವೆ ಪಡೆದವರು ಬೆಳೆದರೇ ಎಂಬುದೇ ಅವರ ಒರೆಗಲ್ಲು. ಒಂದು ಎಚ್ಚರ ಮಾತ್ರ ಇರಲಿ: ಮುಖ್ಯಸ್ಥೆ ತಾನೇ ಕುರ್ಚಿ ಜೋಡಿಸುವುದನ್ನು ಎಲ್ಲ ದೇಶದವರೂ ವಿನಯವೆಂದು ಓದುವುದಿಲ್ಲ, ಕೆಲವರಿಗೆ ಅದು ಮುಜುಗರ.

ಕೊನೆಯದು ನಮ್ಮೂರಿನ ಪಕ್ಕದ್ದೇ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿಗೆ ಸಮೀಪದ ಒಂದು ಹಳ್ಳಿಯಲ್ಲಿದ್ದು ಅಧ್ಯಯನ ನಡೆಸಿದರು. ಹಳ್ಳಿಗೆ ರಾಂಪುರ ಎಂದು ಹೆಸರಿಟ್ಟು ಬರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಯಾರೋ ಹಚ್ಚಿದ ಬೆಂಕಿಯಲ್ಲಿ ಅವರು ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಮಾತು ಕನ್ನಡವೇ, ದೂರವೂ ಹೆಚ್ಚಿಲ್ಲ. ಆದರೂ ಹಳ್ಳಿಯವರಿಗೆ ಅವರು ವಿದ್ವಾಂಸರಾಗುವ ಮುನ್ನ ಬ್ರಾಹ್ಮಣರು, ಪೇಟೆಯವರು. ಎಲ್ಲಿ ಕೂರಬೇಕು, ಹೇಗಿರಬೇಕು ಎಂಬುದನ್ನು ಅವರಿಗಿಂತ ಹೆಚ್ಚಾಗಿ ಊರೇ ತೀರ್ಮಾನಿಸುತ್ತಿತ್ತು. ನಿಮಗೂ ಅಲ್ಲಿ ನಿಮ್ಮನ್ನು ಕೇಳದೆಯೇ ಒಂದು ಜಾಗ ಗೊತ್ತುಮಾಡಿರುತ್ತಾರೆ.

ಉಪ್ಪಿನಕಾಯಿ, ಚಟ್ನಿಪುಡಿ ತುಂಬಿದ ಮೇಲೆ ಪೆಟ್ಟಿಗೆಯಲ್ಲಿ ಎರಡೇ ಪುಸ್ತಕಕ್ಕೆ ತೂಕ ಉಳಿದರೆ ಫ್ಯಾಡಿಮನ್ ಮತ್ತು ಶ್ರೀನಿವಾಸ್ ಅವರನ್ನು ಹಾಕಿಕೊಳ್ಳಿ. ಹಾಫ್‌ಸ್ಟೆಡ್ ಬೇಕೆನಿಸಿದಾಗ ಅಲ್ಲಿನ ಗ್ರಂಥಾಲಯದಲ್ಲಿ ಹುಡುಕಿಕೊಂಡರಾಯಿತು.