ಅಡಿಕೆ ಮರದಿಂದ ಬಿದ್ದವರ ಬೆನ್ನುಹುರಿ ಉಳಿಸುವುದು: ಅಧ್ಯಯನ ಟಿಪ್ಪಣಿ

ಕೆಲಸದ ಜಾಗದ ಗಂಭೀರ ಅಪಘಾತಗಳು ಎಂಬ ಪಾಠದಲ್ಲಿ ಮೊದಲು ಬರುವುದು ಕಾರ್ಖಾನೆಯ ಪ್ರೆಸ್, ಕಟ್ಟಡದ ಅಟ್ಟಣಿಗೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ವರ್ಕಾಡಿ ಕಡೆ ಪ್ರಥಮ ಚಿಕಿತ್ಸೆಯನ್ನೋ ನರ್ಸಿಂಗನ್ನೋ ಕಲಿಯುತ್ತಿರುವವರಿಗೆ ಎದುರಾಗುವುದು ಅಡಿಕೆ ತೋಟ. ಎತ್ತರ ಅಟ್ಟಣಿಗೆಯದ್ದೇ. ಆದರೆ ಹಿಡಿದುಕೊಳ್ಳಲು ಕಂಬಿ ಇಲ್ಲ, ಕೆಳಗೆ ಬಲೆ ಇಲ್ಲ, ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಯಂತೂ ಇಲ್ಲ. ಬಿದ್ದವರ ಹತ್ತಿರ ಮೊದಲು ಓಡಿ ಬರುವುದು ಜೊತೆಯ ಕೆಲಸದವರು, ತೋಟದ ಮನೆಯವರು.

ಬಿದ್ದ ಏಟಿಗೆ ಬೆನ್ನುಮೂಳೆ ಒಡೆದರೂ ಒಳಗಿನ ಬೆನ್ನುಹುರಿ ಎಷ್ಟೋ ಸಲ ಪೂರ್ತಿ ಹಾಳಾಗಿರುವುದಿಲ್ಲ. ಒಬ್ಬರು ಕಂಕುಳಿಗೆ, ಇನ್ನೊಬ್ಬರು ಕಾಲಿಗೆ ಕೈಹಾಕಿ ಎತ್ತಿ, ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟಾಗ ಉಳಿದಿದ್ದದ್ದೂ ಹೋಗಬಹುದು. ಅದು ಪ್ರೀತಿಯಿಂದ, ಗಾಬರಿಯಿಂದ ಮಾಡುವ ಕೆಲಸ. ಅದನ್ನು ತಡೆಯುವಷ್ಟು ಧೈರ್ಯ, ತಿಳಿವಳಿಕೆ ಎರಡೂ ಸ್ಥಳದಲ್ಲಿ ಒಬ್ಬರಿಗಾದರೂ ಇರಬೇಕು. ಈ ಟಿಪ್ಪಣಿಯ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಬೀಳುವುದು ಏಕೆ

ಕೊಳೆರೋಗಕ್ಕೆ ಮದ್ದು ಬಿಡುವ ಕಾಲವನ್ನೇ ನೋಡಿ. ಶೇಕಡಾ 1ರ ಬೋರ್ಡೋ ದ್ರಾವಣವನ್ನು (100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ) ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40–45 ದಿನ ಬಿಟ್ಟು ಇನ್ನೊಂದು ಸಲ ಸಿಂಪಡಿಸಬೇಕು. ಎರಡನೆಯದು ಬರುವುದು ಜುಲೈಯಲ್ಲಿ, ಮಳೆಯ ನಟ್ಟನಡುವೆ. ಕಾಂಡದ ಮೇಲೆ ಪಾಚಿ ಹಸಿರುಗಟ್ಟಿರುತ್ತದೆ. ಒಂದೆರಡು ಗಂಟೆ ಹೊಳವಾದ ಕೂಡಲೇ ಮರ ಹತ್ತುತ್ತಾರೆ, ಮತ್ತೆ ಮಳೆ ಬರುವುದರೊಳಗೆ ಮುಗಿಸುವ ಅವಸರ ಬೇರೆ. ಮರ ಅತಿ ಹೆಚ್ಚು ಜಾರುವ ದಿನಗಳಲ್ಲೇ ಹತ್ತಬೇಕಾಗಿ ಬರುವುದು ಈ ಕೆಲಸದ ಹುಟ್ಟು ದೋಷ. ಬಿದ್ದವರ ಅಜಾಗ್ರತೆ ಎಂದು ಬರೆದು ಮುಗಿಸಿದರೆ ಕಾರಣ ತಪ್ಪಿದಂತೆ.

ಕಾಲಿನ ತಳೆ (ಮರ ಹತ್ತಲು ಪಾದಗಳಿಗೆ ಹಾಕುವ ಬಳೆ) ಸವೆದಿರುವುದು, ಒದ್ದೆಯಾಗಿ ಸಡಿಲವಾಗಿರುವುದು ಮತ್ತೊಂದು ಕಾರಣ. ಮದ್ದಿನ ಪೈಪ್ ತುಂಬಿದ ಮೇಲೆ ಕೆಳಕ್ಕೆ ಎಳೆಯುತ್ತದೆ. ಒಂದು ಕೈ ಗನ್ನಿನಲ್ಲಿರುವಾಗ ಆ ಎಳೆತಕ್ಕೆ ಮೈಯ ತೂಕ ಒಂದು ಬದಿಗೆ ವಾಲುತ್ತದೆ. ಮುಖಕ್ಕೆ ದ್ರಾವಣ ಹಾರಿದರೆ ಕಣ್ಣು ಮುಚ್ಚುತ್ತದೆ, ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ. ಸುಣ್ಣ ಕ್ಷಾರವಾದ್ದರಿಂದ ಕಣ್ಣಿನ ಪದರವನ್ನು ಸುಡುತ್ತಲೇ ಇರುತ್ತದೆ. ಆಸ್ಪತ್ರೆಗೆ ಹೊರಡುವ ಮೊದಲೇ, ಅಲ್ಲೇ, ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 20 ನಿಮಿಷ ಶುದ್ಧ ನೀರು ಹರಿಸಬೇಕು. ಮರ ಹತ್ತುವವರಿಗೆ ಕನ್ನಡಕ ಕೊಡುವುದು ಇದಕ್ಕೇ.

ಮರವೇ ಮುರಿಯುವುದು ಬೇರೆ ಸಂಗತಿ. ನೈಋತ್ಯದ ಇಳಿಬಿಸಿಲು ನೇರ ಬೀಳುವ ಕಾಂಡದಲ್ಲಿ ಮೊದಲು ಹಳದಿ ಕಲೆ, ಆಮೇಲೆ ಕಂದು ಕಲೆ, ಕೊನೆಗೆ ಸೀಳು. ಸೀಳಿದ ಕಡೆ ತಿರುಳು ಕೊಳೆತು ಮರ ಟೊಳ್ಳಾಗುತ್ತದೆ. ಸಾಲುಗಳನ್ನು ಉತ್ತರ-ದಕ್ಷಿಣದಿಂದ 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಿ ನೆಡಬೇಕೆಂಬ ಸಲಹೆ ಇರುವುದು ಇದೇ ಬಿಸಿಲನ್ನು ತಪ್ಪಿಸಲು. ಬುಡದಲ್ಲಿ ಕಂದು ರಸ ಒಸರುತ್ತಿದ್ದರೆ ಅಣಬೆ ರೋಗ ಇರಬಹುದು. ಹತ್ತುವ ಮೊದಲು ಕತ್ತಿಯ ಬೆನ್ನಿನಿಂದ ಕಾಂಡದ ಸುತ್ತಲೂ ಬಡಿಯಿರಿ. ಗಟ್ಟಿ ಮರದ ಸದ್ದು ಬಿಗಿ. ಟೊಳ್ಳು ಬೇರೆಯೇ ಕೇಳುತ್ತದೆ. ಮರದಿಂದ ಮರಕ್ಕೆ ದಾಟುವವರು ಒಂದು ವಿಷಯ ಮರೆಯಬಾರದು: 2.7 ಮೀಟರ್ ಅಂತರದ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ಹೋಗುವಾಗ ಆ ಮರದ ಬುಡವನ್ನು ಯಾರೂ ಬಡಿದು ನೋಡಿರುವುದಿಲ್ಲ. ದಾಟುವ ಸಾಲನ್ನೇ ಬೆಳಿಗ್ಗೆ ಒಮ್ಮೆ ಬಡಿದು, ಸಂಶಯದ ಮರಕ್ಕೆ ಗುರುತು ಹಾಕಿದರೆ ಕೆಲಸ ತಡವಾಗುವುದು ಬಹಳ ಕಡಿಮೆ.

ಏಟು ಬೀಳುವ ಜಾಗ

12 ಮೀಟರ್, ಅಂದರೆ ಸುಮಾರು 40 ಅಡಿ ಎತ್ತರದಿಂದ ಬಿದ್ದರೆ ನೆಲ ಮುಟ್ಟಲು ಒಂದೂವರೆ ಸೆಕೆಂಡು. ಆಗಿನ ವೇಗ ಸೆಕೆಂಡಿಗೆ 15 ಮೀಟರ್, ಗಂಟೆಗೆ 55 ಕಿ.ಮೀ. ಹೊಸ ಸೊಪ್ಪು ಹಾಕಿದ ಮೆತ್ತನೆ ನೆಲದಲ್ಲಿ ಮೈ 20 ಸೆಂ.ಮೀ. ಒಳಗೆ ನಿಂತಿತು ಎನ್ನೋಣ. ಬಿದ್ದ ಎತ್ತರವನ್ನು ನಿಂತ ದೂರದಿಂದ ಭಾಗಿಸಿದರೆ 60. ಮೈಯ ತೂಕದ ಸುಮಾರು 60 ಪಟ್ಟು ಬಲ ಕ್ಷಣಕಾಲ ಬೀಳುತ್ತದೆ. ಕಣಿಯ (ತೋಟದ ನೀರುಕಾಲುವೆ) ಅಂಚಿನ ಕೆಂಪುಕಲ್ಲಿನ ಮೇಲೆ ಬಿದ್ದರೆ ನಿಲ್ಲುವ ದೂರ ಇನ್ನೂ ಕಡಿಮೆ, ಬಲ ಇನ್ನೂ ಹೆಚ್ಚು.

ಕಾಲೂರಿ ಬಿದ್ದವರಲ್ಲಿ ಈ ಬಲ ಹಿಮ್ಮಡಿಯಿಂದ ಮೊಣಕಾಲು, ಸೊಂಟ ದಾಟಿ ಬೆನ್ನಿಗೆ ಏರುತ್ತದೆ. ಹಿಮ್ಮಡಿ ಊದಿ ಕಪ್ಪಾಗಿದ್ದರೆ, ರೋಗಿ ಬೆನ್ನು ನೋವಿನ ಬಗ್ಗೆ ಏನೂ ಹೇಳದಿದ್ದರೂ ಬೆನ್ನುಮೂಳೆ ಒಡೆದಿದೆ ಎಂದೇ ಹಿಡಿಯಿರಿ. ಹಿಮ್ಮಡಿಯ ವಿಪರೀತ ನೋವು ಬೆನ್ನಿನ ನೋವನ್ನು ಮುಚ್ಚಿಬಿಡುತ್ತದೆ. ಪರೀಕ್ಷೆಯಲ್ಲೂ ತೋಟದಲ್ಲೂ ಹೆಚ್ಚು ತಪ್ಪಿಹೋಗುವ ಅಂಶ ಇದು.

ಹೆಚ್ಚಾಗಿ ಒಡೆಯುವುದು ಟಿ12 (ಎದೆಭಾಗದ ಹನ್ನೆರಡನೆಯ), ಎಲ್1 (ಸೊಂಟಭಾಗದ ಮೊದಲನೆಯ) ಮಣಿಗಳು. ಎದೆಗೂಡಿನ ಭಾಗದ ಬೆನ್ನು ಪಕ್ಕೆಲುಬಿನಿಂದ ಬಿಗಿಯಾಗಿದೆ, ಸೊಂಟದ ಭಾಗ ಬಾಗುತ್ತದೆ. ಬಿಗಿ ಮತ್ತು ಸಡಿಲ ಸೇರುವ ಸಂದಿಯಲ್ಲಿ ಬಲವೆಲ್ಲ ಕೂಡುತ್ತದೆ. ಬೆನ್ನುಹುರಿ ಮುಗಿಯುವುದೂ ಎಲ್1–ಎಲ್2ರ ಸುಮಾರಿಗೆ. ಹಾಗಾಗಿ ಇಲ್ಲಿ ಮೂಳೆಯ ಚೂರು ಹಿಂದಕ್ಕೆ ಸರಿದರೆ ಕಾಲಿನ ಬಲದ ಜೊತೆಗೆ ಮೂತ್ರ, ಮಲದ ಹಿಡಿತವೂ ಹೋಗುತ್ತದೆ. ತಲೆಕೆಳಗಾಗಿ ಬಿದ್ದರೆ ಕುತ್ತಿಗೆ. ಕುತ್ತಿಗೆಯ ಸಿ3ರಿಂದ ಸಿ5ರ ನರಗಳು ವಪೆಯನ್ನು (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ನಡೆಸುವುದರಿಂದ ಅಲ್ಲಿಯ ಪೆಟ್ಟಿಗೆ ಉಸಿರೇ ನಿಲ್ಲಬಹುದು.

ಹತ್ತಿರ ಹೋದ ಮೇಲೆ

ಮೊದಲು ಮೇಲೆ ನೋಡಿ: ತೂಗುತ್ತಿರುವ ಸೋಗೆ, ಅರ್ಧ ಕಡಿದ ಗೊನೆ, ಕರೆಂಟ್ ತಂತಿ. ಆಮೇಲೆ ತಲೆಯ ಬಳಿ ಮಂಡಿಯೂರಿ, ಎರಡೂ ಅಂಗೈಯಿಂದ ತಲೆಯನ್ನು ಇದ್ದಲ್ಲಿಯೇ ಹಿಡಿದು, ಬಳಿಕವೇ ಮಾತಾಡಿಸಿ. ಮೊದಲು ಕರೆದರೆ ಬಿದ್ದವರು ಸದ್ದು ಬಂದ ಕಡೆಗೆ ಕುತ್ತಿಗೆ ತಿರುಗಿಸುತ್ತಾರೆ.

ಉಸಿರಿಲ್ಲದಿದ್ದರೆ ಬೆನ್ನಿನ ಚಿಂತೆ ಎರಡನೆಯದು. ದವಡೆಯ ಮೂಲೆಗಳನ್ನು ಮುಂದಕ್ಕೆ ತಳ್ಳಿ ಶ್ವಾಸದ ದಾರಿ ತೆರೆಯಿರಿ. 30 ಒತ್ತು, 2 ಉಸಿರು. ಒತ್ತುವ ಆಳ 5ರಿಂದ 6 ಸೆಂ.ಮೀ., ನಿಮಿಷಕ್ಕೆ 100ರಿಂದ 120.

ಉಸಿರಿದ್ದರೆ ನಾಡಿಯನ್ನೂ ಚರ್ಮವನ್ನೂ ಒಟ್ಟಿಗೆ ನೋಡಿ. ನಾಡಿ ಓಡುತ್ತಿದೆ, ಚರ್ಮ ತಣ್ಣಗೆ, ಬೆವರು ಎಂದರೆ ಎಲ್ಲೋ ರಕ್ತ ಹೋಗುತ್ತಿದೆ. ನಾಡಿ ನಿಧಾನ, ಚರ್ಮ ಬೆಚ್ಚಗೆ, ಆದರೂ ರಕ್ತದೊತ್ತಡ ಕಡಿಮೆ ಎಂದರೆ ಬೆನ್ನುಹುರಿಯ ಮೇಲ್ಭಾಗದ ಪೆಟ್ಟಿನಿಂದ ರಕ್ತನಾಳಗಳು ಸಡಿಲಗೊಂಡಿರಬಹುದು. ಎರಡೂ ಒಟ್ಟಿಗೆ ಇರಬಹುದು, ಆದ್ದರಿಂದ ರಕ್ತಸ್ರಾವ ಇಲ್ಲವೆಂದು ಬೇಗ ತೀರ್ಮಾನಿಸಬೇಡಿ. ತೊಡೆಮೂಳೆ ಮುರಿದರೆ ಒಂದರಿಂದ ಒಂದೂವರೆ ಲೀಟರ್ ರಕ್ತ ತೊಡೆಯೊಳಗೇ ಸೇರಬಹುದು, ಶ್ರೋಣಿ (ಸೊಂಟದ ಕೆಳಗಿನ ಮೂಳೆಗೂಡು) ಮುರಿದರೆ ಅದಕ್ಕೂ ಹೆಚ್ಚು. ಇಡೀ ಮೈಯಲ್ಲಿ ಇರುವುದೇ ಸುಮಾರು 5 ಲೀಟರ್. ಶ್ರೋಣಿಯ ಸಂಶಯ ಬಂದರೆ ಒಂದು ಬೈರಾಸನ್ನು (ಟವೆಲು) ಅಗಲವಾಗಿ ಮಡಚಿ, ತೊಡೆಯ ಹೊರಬದಿಯಲ್ಲಿ ಮೇಲೆ ಕೈಗೆ ಸಿಗುವ ಉಬ್ಬುಮೂಳೆಯ ಮಟ್ಟದಲ್ಲಿ ಬಿಗಿಯಿರಿ. ಬೆಲ್ಟ್ ಕಟ್ಟುವ ಸೊಂಟದ ಮಟ್ಟದಲ್ಲಿ ಕಟ್ಟಿದರೆ ಪ್ರಯೋಜನವಿಲ್ಲ. ಶ್ರೋಣಿಯನ್ನು ಅಲುಗಿಸಿ ನೋಡಬೇಡಿ. ಹೆಪ್ಪುಗಟ್ಟುತ್ತಿರುವ ರಕ್ತ ಮತ್ತೆ ಒಡೆಯುತ್ತದೆ.

ಆಮೇಲೆ ನರಗಳು. ತೊಡೆ ಮೇಲೆತ್ತುವುದು ಎಲ್2, ಮೊಣಕಾಲು ನೀಡುವುದು ಎಲ್3–ಎಲ್4, ಕಾಲಿನ ಹೆಬ್ಬೆರಳು ಮೇಲಕ್ಕೆ ಎತ್ತುವುದು ಎಲ್5, ಪಾದ ಕೆಳಗೆ ಒತ್ತುವುದು ಎಸ್1 (ಸೊಂಟಭಾಗದ ಕೆಳಗಿನ ತ್ರಿಕಾಸ್ಥಿಯ ಮೊದಲನೆಯ ನರ). ತೋಟದಲ್ಲಿ ತೊಡೆ, ಮೊಣಕಾಲು ಎತ್ತಿಸುವ ಗೋಜು ಬೇಡ. ಹೆಬ್ಬೆರಳು, ಪಾದ ಇಷ್ಟೇ ಸಾಕು. ಸ್ಪರ್ಶಕ್ಕೆ ಎದೆಯ ತೊಟ್ಟು ಟಿ4, ಹೊಕ್ಕುಳು ಟಿ10. ಕಂಡದ್ದನ್ನು ಗಂಟೆ ಸಮೇತ ಬರೆದಿಡಿ: "10:20, ಎರಡೂ ಹೆಬ್ಬೆರಳು ಆಡುತ್ತದೆ, ಎಡಪಾದ ಮರಗಟ್ಟಿದೆ." ಆಸ್ಪತ್ರೆ ತಲಪುವಾಗ ಬೆರಳು ಆಡದಿದ್ದರೆ, ಪೆಟ್ಟು ದಾರಿಯಲ್ಲಿ ಹೆಚ್ಚುತ್ತಿದೆ ಎಂದು ಶಸ್ತ್ರವೈದ್ಯರಿಗೆ ತಿಳಿಯುವುದು ಈ ಒಂದು ಸಾಲಿನಿಂದ. ಚೀಟಿಯನ್ನು ರೋಗಿಯ ಅಂಗಿಗೇ ಪಿನ್ ಮಾಡಿ.

ಆಂಬುಲೆನ್ಸಿಗೆ 108ಕ್ಕೆ ಕರೆ ಮಾಡಿದಾಗ ಆ ಬದಿಯಲ್ಲಿ ಮಲಯಾಳ ಇರುವುದೇ ಹೆಚ್ಚು. "ಕವುಂಗಿಲ್ ನಿನ್ನ್ ವೀಣು, ಬೋಧಮುಂಡ್, ಕಾಲ್ ಅನಕ್ಕಾನ್ ಪಟ್ಟುನ್ನಿಲ್ಲ" (ಅಡಿಕೆ ಮರದಿಂದ ಬಿದ್ದಿದ್ದಾರೆ, ಎಚ್ಚರ ಇದೆ, ಕಾಲು ಆಡಿಸಲಾಗುತ್ತಿಲ್ಲ) ಎಂಬಷ್ಟು ಬಾಯಿಪಾಠ ಇರಲಿ. ಪಂಚಾಯತ್, ಹತ್ತಿರದ ಬಸ್ ನಿಲ್ದಾಣ, ತೋಟಕ್ಕೆ ವಾಹನ ಬರುತ್ತದೆಯೇ ಇಲ್ಲವೇ ಎಂಬುದನ್ನೂ ಹೇಳಿ, ಮುಖ್ಯರಸ್ತೆಗೆ ಒಬ್ಬರನ್ನು ಕಳಿಸಿ.

ಹಲಗೆಗೆ ಹಾಕುವುದು

ಆಂಬುಲೆನ್ಸ್ ಬರುವುದಾದರೆ ಅಲುಗಿಸಬೇಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಿಡಿದು ಮಳೆ ತಪ್ಪಿಸಿ. ಒದ್ದೆ ಬಟ್ಟೆಯಲ್ಲಿ ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ಕುಂಠಿತವಾಗುತ್ತದೆ, ಆದ್ದರಿಂದ ಹೊದಿಸಿ. ರಸ್ತೆಯವರೆಗೆ ಹೊರಲೇಬೇಕು ಎಂದಾದರೆ ಬಾಗಿಲಿನ ಹಲಗೆ ಅಥವಾ ನಾಲ್ಕೈದು ಅಡಿಕೆ ದಬ್ಬೆ ಜೋಡಿಸಿ ಅಡ್ಡ ಕಟ್ಟಿದ ಚಟ್ಟ ಸಾಕು. ತಲೆಯಿಂದ ಹಿಮ್ಮಡಿಯವರೆಗೆ ಉದ್ದ ಬೇಕು, ನಡುವೆ ತಗ್ಗಬಾರದು.

ಹೊರಳಿಸುವ ಮೊದಲು ಸೊಂಟದ ಹಿಂದಿರುವ ಕತ್ತಿಯ ಕೊಕ್ಕೆ, ಕತ್ತಿ, ಕಿಸೆಯ ಮೊಬೈಲ್, ಹಗ್ಗದ ಗಂಟು ಎಲ್ಲ ಬಿಡಿಸಿ. ಕೊಕ್ಕೆಯನ್ನು ಹಾಗೇ ಬಿಟ್ಟು ಮಲಗಿಸಿದರೆ ಅದು ಒಡೆದ ಮಣಿಯ ಕೆಳಗೇ ಬರುತ್ತದೆ. ಸ್ಪರ್ಶವಿಲ್ಲದ ಚರ್ಮದಲ್ಲಿ ಅದು ಒತ್ತುತ್ತಿರುವುದು ರೋಗಿಗೆ ಗೊತ್ತಾಗುವುದೂ ಇಲ್ಲ, ಒಂದೆರಡು ಗಂಟೆಯಲ್ಲೇ ಒತ್ತುಹುಣ್ಣು ಶುರುವಾಗಬಹುದು.

ಹೊರಳಿಸಲು ಕನಿಷ್ಠ ನಾಲ್ವರು. ತಲೆ ಹಿಡಿದವರದ್ದೇ ಆಜ್ಞೆ. ಇಬ್ಬರು ಒಂದೇ ಬದಿಯಲ್ಲಿ ಹೆಗಲು-ಸೊಂಟ, ಸೊಂಟ-ತೊಡೆ ಹಿಡಿಯಬೇಕು, ಅವರ ಕೈಗಳು ಸೊಂಟದ ಬಳಿ ಒಂದನ್ನೊಂದು ದಾಟಿರಬೇಕು. ನಾಲ್ಕನೆಯವರು ಕಾಲು. ಐದನೆಯವರು ಸಿಕ್ಕರೆ ಹಲಗೆ ಸರಿಸಲು. "ಮೂರು" ಎಂದಾಗ ಮೂಗು, ಹೊಕ್ಕುಳು, ಕಾಲ್ಬೆರಳು ಒಂದೇ ಗೆರೆಯಲ್ಲಿರುವಂತೆ, ಮರದ ಕೊರಡು ಉರುಳಿಸಿದ ಹಾಗೆ ಮೈ ಒಟ್ಟಿಗೇ ತಿರುಗಬೇಕು. ತಪ್ಪುವುದು ಎಲ್ಲಿ ಎಂದರೆ, ಹೆಗಲು ಹಿಡಿದವರು ಮೊದಲು ಎಳೆಯುತ್ತಾರೆ, ಸೊಂಟ ಹಿಂದೆ ಉಳಿಯುತ್ತದೆ, ಆ ತಿರುಚು ಸರಿಯಾಗಿ ಟಿ12–ಎಲ್1ರಲ್ಲಿ ಬೀಳುತ್ತದೆ. ಭಾರದ ಸೊಂಟಕ್ಕೆ ಬಲವಾದವರನ್ನು ನಿಲ್ಲಿಸಿ. ಬೆನ್ನುಮೂಳೆ ಮುರಿಯದ ಗೆಳೆಯರ ಮೇಲೆ ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿ. ಓದಿ ಬರುವ ವಿದ್ಯೆ ಇದಲ್ಲ. ಕುತ್ತಿಗೆಗೆ ಕಾಲರ್ ಹಾಕಲು ಹೆಣಗಬೇಡಿ, ತಲೆಯ ಎರಡೂ ಬದಿಗೆ ಸುತ್ತಿದ ಬಟ್ಟೆ ಇಟ್ಟು ಕೈಯಿಂದ ಹಿಡಿದರೆ ಸಾಕು. ವಾಂತಿ ಬಂದರೆ ಹಲಗೆ ಸಮೇತ ಮಗ್ಗುಲಿಗೆ ವಾಲಿಸಿ. ನೀರು, ಚಹಾ ಏನೂ ಬೇಡ, ಶಸ್ತ್ರಚಿಕಿತ್ಸೆ ಇರಬಹುದು.

ಕಾಸರಗೋಡಿನಿಂದ ಮಂಗಳೂರಿಗೆ 50 ಕಿ.ಮೀ. ಸುಮಾರು. ಬೆನ್ನಿಗೆ ದೊಡ್ಡ ಆಸ್ಪತ್ರೆಯೇ ಬೇಕು ಎಂದು ನೇರ ಹೊರಡುವ ಅಭ್ಯಾಸ ನಮ್ಮಲ್ಲಿದೆ. ನಾಡಿ ಓಡುತ್ತಿದ್ದರೆ, ಉಸಿರು ಕಷ್ಟವಾಗಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ ರಕ್ತ, ಆಮ್ಲಜನಕ ಮೊದಲು; ಮುಂದಿನ ದಾರಿ ಆಮೇಲೆ.

ದೋಟಿ ಮತ್ತು ತಂತಿ

ನೆಲದಲ್ಲೇ ನಿಂತು ಕೊಯ್ಯುವ, ಮದ್ದು ಬಿಡುವ ದೋಟಿ ಬಂದದ್ದರಿಂದ ಬೀಳುವ ಅಪಾಯ ಬಹಳ ತಗ್ಗಿದೆ, ಇದು ಸಂತೋಷದ ಸಂಗತಿ. ಆದರೆ ಅಲ್ಯೂಮಿನಿಯಂನಂತೆ ಕಾರ್ಬನ್ ಫೈಬರ್ ಕೂಡ ವಿದ್ಯುತ್ ಹರಿಸುತ್ತದೆ. ಲೋಹವಲ್ಲ, ಹಾಗಾಗಿ ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆ ಪ್ರಾಣಕ್ಕೆ ಎರವು. ಗ್ಲಾಸ್ ಫೈಬರ್ ಒಣಗಿದ್ದಾಗ ಮಾತ್ರ ನಿರೋಧಕ. ಮದ್ದು ಅಂಟಿ ಒದ್ದೆಯಾದಾಗ ಅಲ್ಲ.

ಒದ್ದೆ ಮೈಯ ರೋಧ ಸುಮಾರು 1000 ಓಮ್. 230 ವೋಲ್ಟಿಗೆ 230 ಮಿಲಿ ಆಂಪಿಯರ್ ಹರಿಯುತ್ತದೆ. 10ರ ಆಸುಪಾಸಿನಲ್ಲೇ ಹಿಡಿದ ಕೈ ಬಿಡಿಸಲಾಗದು, 100ರ ಸುಮಾರಿಗೆ ಹೃದಯದ ಲಯ ತಪ್ಪಬಹುದು. 11 ಸಾವಿರ ವೋಲ್ಟಿನ ಲೈನಾದರೆ ಮುಟ್ಟುವುದೂ ಬೇಡ, ಹತ್ತಿರ ಹೋದರೆ ಕಿಡಿ ಹಾರುತ್ತದೆ. ಮನೆಯ 30 ಮಿಲಿ ಆಂಪಿಯರಿನ ಇಎಲ್‌ಸಿಬಿ (ವಿದ್ಯುತ್ ಸೋರಿದರೆ ಕಡಿದುಹಾಕುವ ಸ್ವಿಚ್) ಇಲ್ಲಿ ಕಾಪಾಡುವುದಿಲ್ಲ, ಅದು ಮನೆಯೊಳಗಿನ ವೈರಿಂಗಿಗೆ ಮಾತ್ರ. ತಂತಿಯಿಂದ ದೋಟಿಯ ಪೂರ್ತಿ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ನಿಲ್ಲಿ. ದೋಟಿ ಕೈತಪ್ಪಿ ಬಿದ್ದರೂ ತಂತಿಗೆ ಎಟುಕಬಾರದು. ಅದಕ್ಕಿಂತ ಹತ್ತಿರದ ಮರಗಳಿಗೆ ಕೆಎಸ್‌ಇಬಿಗೆ (ಕೇರಳ ವಿದ್ಯುತ್ ಮಂಡಳಿ) ಹೇಳಿ ಲೈನ್ ಆಫ್ ಮಾಡಿಸಿಯೇ ಕೈಹಾಕಬೇಕು.

ಯಾರಿಗಾದರೂ ಶಾಕ್ ತಗಲಿದರೆ ಓಡಿಹೋಗಿ ಹಿಡಿಯಬೇಡಿ. ಕೆಎಸ್‌ಇಬಿಯ 1912ಕ್ಕೆ ಕರೆ ಮಾಡಿ, ಲೈನ್ ಆಫ್ ಆಗಿದೆ ಎಂದು ಅವರೇ ಹೇಳುವವರೆಗೆ ಕಾಯಿರಿ. ಕಿಡಿ ನಿಂತಿತೆಂದು ನಂಬುವಂತಿಲ್ಲ, ಟ್ರಿಪ್ ಆದ ಲೈನ್ ಮತ್ತೆ ಚಾರ್ಜ್ ಆಗಬಹುದು. ಒದ್ದೆ ನೆಲದಲ್ಲಿ ತಂತಿ ಬಿದ್ದಿದ್ದರೆ ಎರಡೂ ಪಾದ ಜೋಡಿಸಿ ಸಣ್ಣ ಸಣ್ಣಗೆ ಸರಿದು ದೂರ ಬನ್ನಿ. ಆಮೇಲಿನ ಪರೀಕ್ಷೆಯಲ್ಲಿ ಅಂಗೈ, ಅಂಗಾಲು ಎರಡನ್ನೂ ನೋಡಿ. ಹೊರಗೆ ಕಾಸಿನಗಲ ಸುಟ್ಟಿದ್ದರೂ ಒಳಗೆ ಸ್ನಾಯು ಬೆಂದಿರಬಹುದು, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡ ಅಪಾಯದಲ್ಲಿದೆ. ಮರದ ಮೇಲೆ ಶಾಕ್ ಹೊಡೆದು ಬಿದ್ದವರಿಗೆ ಎರಡೂ ಪಾಠ ಒಟ್ಟಿಗೆ ಅನ್ವಯ: ಹೃದಯವೂ ಬೆನ್ನೂ.

ಹಗ್ಗದ ಬಗ್ಗೆ

ಸೊಂಟದ ಬೆಲ್ಟ್ ಸಾಲದು. ತಡೆಯುವ ಎಳೆತವೆಲ್ಲ ಹೊಟ್ಟೆ, ಬೆನ್ನಿನ ಮೇಲೆ ಬೀಳುತ್ತದೆ, ತಲೆಕೆಳಗಾದರೆ ಜಾರಿಯೂ ಹೋಗುತ್ತದೆ. ತೊಡೆ, ಹೆಗಲು ಸೇರಿಸಿ ಕಟ್ಟುವ, ಐಎಸ್ 3521 ಗುರುತಿರುವ ಪೂರ್ಣ ಹಾರ್ನೆಸ್ ಬೇಕು. ಅಡಿಕೆ ಕಾಂಡಕ್ಕೆ ಕೊಂಬೆಯಿಲ್ಲ, ನುಣುಪು ಬೇರೆ. ಸುಮ್ಮನೆ ಸುತ್ತಿದ ಹಗ್ಗ ಬುಡದವರೆಗೂ ಜಾರುತ್ತದೆ, ಆದ್ದರಿಂದ ತೂಕ ಬಿದ್ದಷ್ಟೂ ಬಿಗಿಯುವ ಕುಣಿಕೆಯನ್ನೇ ಹಾಕಬೇಕು. ಪಕ್ಕದ ಮರಕ್ಕೆ ದಾಟುವಾಗ ಎರಡನೆಯ ಕುಣಿಕೆ ಅಲ್ಲಿ ಬಿಗಿದ ಮೇಲೆ ಮೊದಲನೆಯದನ್ನು ಬಿಡಿಸಬೇಕು. ಹಾರ್ನೆಸ್ಸಿನಲ್ಲಿ ಅಲುಗಾಡದೆ ತೂಗುವವರಿಗೆ ಕಾಲಿನಲ್ಲೇ ರಕ್ತ ನಿಂತು ಎಚ್ಚರ ತಪ್ಪುತ್ತದೆ. ಕಾಲು ಆಡಿಸುತ್ತಿರಲು ಕೆಳಗಿನಿಂದ ಹೇಳುತ್ತಿರಿ, ಏಣಿಯನ್ನು ಕೆಲಸ ಶುರುವಾಗುವ ಮೊದಲೇ ತೋಟಕ್ಕೆ ತಂದಿಟ್ಟಿರಿ, ಇಳಿಸಿದ ಮೇಲೆ ಕೂರಿಸದೆ ಮಲಗಿಸಿ.