ಭೂಮಿಗೆ ಉಲ್ಕೆಗಳ ಮಳೆ ಸುರಿದಾಗ ಚಂದ್ರನ ಮೇಲೂ ಸುರಿಯುತ್ತದೆಯೇ?

ಓದುಗರ ಪ್ರಶ್ನೆ: ‘ಇಂದು ರಾತ್ರಿ ಉಲ್ಕಾವೃಷ್ಟಿ’ ಎಂದು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಅದೇ ಹೊತ್ತಿಗೆ ಚಂದ್ರನ ಮೇಲೂ ಉಲ್ಕೆಗಳು ಬೀಳುತ್ತವೆಯೇ? ಬೀಳುವುದಾದರೆ ಯಾವಾಗ, ಎಷ್ಟು ಎಂದು ಮೊದಲೇ ಹೇಳಬಹುದೇ?

ಬೀಳುತ್ತವೆ, ಮೊದಲೇ ಹೇಳಲೂಬಹುದು. ಆದರೆ ಭೂಮಿಗೆ ಹಾಕಿದ ಲೆಕ್ಕವನ್ನೇ ಚಂದ್ರನಿಗೂ ಹೇಳಿದರೆ ಕೆಲವೊಮ್ಮೆ ಗಂಟೆಗಟ್ಟಲೆ ತಪ್ಪಾಗುತ್ತದೆ. ಯಾಕೆಂದು ತಿಳಿಯಲು ಉಲ್ಕೆಗಳಾಗಿ ಬೀಳುವ ದೂಳು ಎಲ್ಲಿಂದ ಬಂತು ಎಂಬಲ್ಲಿಂದ ಶುರು ಮಾಡಬೇಕು.

ಧೂಮಕೇತು ಸೂರ್ಯನ ಬಳಿಗೆ ಬಂದಾಗ ಅದರ ಮಂಜುಗಡ್ಡೆ ಆವಿಯಾಗಿ ಹೊರನುಗ್ಗುತ್ತದೆ, ಜತೆಗೆ ದೂಳಿನ ಕಣಗಳನ್ನೂ ಹೊತ್ತು ತರುತ್ತದೆ. ಧೂಮಕೇತುವಿನ ಓಟಕ್ಕೆ ಹೋಲಿಸಿದರೆ ಕಣಗಳು ಚಿಮ್ಮುವ ವೇಗ ತೀರಾ ಕಡಿಮೆ. ಹಾಗಾಗಿ ಅವು ದಾರಿ ಬಿಟ್ಟು ದೂರ ಹೋಗುವುದಿಲ್ಲ; ಆದರೆ ಒಂದು ಸುತ್ತು ಮುಗಿಸಲು ಕೆಲವು ಕಣಗಳಿಗೆ ತುಸು ಕಡಿಮೆ, ಕೆಲವಕ್ಕೆ ತುಸು ಹೆಚ್ಚು ಸಮಯ ಬೇಕಾಗುತ್ತದೆ. ಮರಳು ಲಾರಿ ದಾರಿಯುದ್ದಕ್ಕೂ ಮರಳು ಸೋರಿಸಿಕೊಂಡು ಹೋಗುವುದನ್ನು ನೋಡಿದ್ದೀರಲ್ಲ, ಹಾಗೆ. ಒಂದೇ ವ್ಯತ್ಯಾಸ: ಇಲ್ಲಿ ಸೋರಿದ ಮರಳು ಬಿದ್ದಲ್ಲೇ ಇರುವುದಿಲ್ಲ, ಲಾರಿಯ ಹಿಂದೆ ಮುಂದೆ ಅದೂ ಓಡುತ್ತಿರುತ್ತದೆ. ಸುತ್ತು ಕಳೆದಂತೆ ಆ ಸಾಲು ಉದ್ದವಾಗುತ್ತದೆ, ಆದರೆ ಬಹುಕಾಲ ಸಪೂರವಾಗಿಯೇ ಉಳಿಯುತ್ತದೆ.

ಧೂಮಕೇತು ಪ್ರತಿ ಸಲ ಬಂದಾಗಲೂ ಇಂಥ ಒಂದು ಹೊಸ ಎಳೆ ಹುಟ್ಟುತ್ತದೆ. ನವೆಂಬರ್ ತಿಂಗಳ ಲಿಯೊನಿಡ್ ಉಲ್ಕೆಗಳ ತಾಯಿಯಾದ ಟೆಂಪೆಲ್–ಟಟಲ್ ಧೂಮಕೇತು ಸುಮಾರು 33 ವರ್ಷಕ್ಕೊಮ್ಮೆ ಬರುತ್ತದೆ. 1866ರ ಎಳೆ ಬೇರೆ, 1899ರ ಎಳೆ ಬೇರೆ. ಗುರು ಮತ್ತು ಶನಿ ಒಂದೊಂದು ಎಳೆಯನ್ನೂ ಒಂದೊಂದು ರೀತಿ ಜಗ್ಗುತ್ತವೆ. ಸೂರ್ಯನ ಬೆಳಕಿನ ಒತ್ತಡ ಸಣ್ಣ ಕಣಗಳ ಸುತ್ತನ್ನು ಉದ್ದ ಮಾಡುತ್ತದೆ. ಇವೆಲ್ಲ ಅಳೆಯಬಹುದಾದ ಬಲಗಳು. ಆದ್ದರಿಂದ 1899ರಲ್ಲಿ ಧೂಮಕೇತು ಇದ್ದ ಜಾಗದಿಂದ ಕಂಪ್ಯೂಟರಿನಲ್ಲಿ ಕಾಲ್ಪನಿಕ ಕಣಗಳನ್ನು ಬಿಟ್ಟು, ಅವು ಯಾವ ವರ್ಷ, ಯಾವ ಗಳಿಗೆಯಲ್ಲಿ, ಭೂಮಿಯ ದಾರಿಯಿಂದ ಎಷ್ಟು ಒಳಗೆ ಅಥವಾ ಹೊರಗೆ ಹಾದುಹೋಗುತ್ತವೆ ಎಂದು ನೋಡಬಹುದು.

ಖಗೋಳ ವಿಜ್ಞಾನಿಗಳಾದ ರಾಬರ್ಟ್ ಮೆಕ್‌ನಾಟ್ ಮತ್ತು ಡೇವಿಡ್ ಆಶರ್ ಮಾಡಿದ್ದು ಇದನ್ನೇ. 1899ರ ಎಳೆ 1999ರ ನವೆಂಬರ್ 18ರಂದು ಭೂಮಿಗೆ ಎದುರಾಗುತ್ತದೆ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 7 ಗಂಟೆ 38 ನಿಮಿಷಕ್ಕೆ ಮಳೆ ತುದಿಮುಟ್ಟುತ್ತದೆ ಎಂದು ಅವರು ಮೊದಲೇ ಹೇಳಿದ್ದರು. ಅದು ತುದಿಮುಟ್ಟಿದ್ದು ಕೆಲವೇ ನಿಮಿಷ ಮುಂಚೆ, ಗಂಟೆಗೆ ಸಾವಿರಾರು ಉಲ್ಕೆಗಳ ಲೆಕ್ಕದಲ್ಲಿ. ನೂರು ವರ್ಷದ ಹಿಂದೆ ಚೆಲ್ಲಿದ ದೂಳಿನ ಬರವನ್ನು ನಿಮಿಷಗಳ ಅಂತರದಲ್ಲಿ ಹೇಳಿದ ಆ ಲೆಕ್ಕವನ್ನು ನೆನೆದಾಗಲೆಲ್ಲ ನನಗೆ ಮೈನವಿರೇಳುತ್ತದೆ.

ಈಗ ಚಂದ್ರನ ವಿಷಯ. ಅವನು ನಮ್ಮಿಂದ ಸರಾಸರಿ 3,84,400 ಕಿ.ಮೀ. ದೂರ. ಅಂದು ಮಳೆ ತೀರಾ ಜೋರಾಗಿದ್ದದ್ದು ಹೆಚ್ಚುಕಡಿಮೆ ಒಂದು ಗಂಟೆ. ಒಂದು ಗಂಟೆಯಲ್ಲಿ ಭೂಮಿ ಸೂರ್ಯನ ಸುತ್ತ ಸಾಗುವುದು ಸುಮಾರು ಒಂದು ಲಕ್ಷ ಕಿ.ಮೀ. ಅಂದರೆ ಎಳೆಯ ದಟ್ಟವಾದ ಭಾಗ ಭೂಮಿ–ಚಂದ್ರರ ನಡುವಿನ ಅಂತರಕ್ಕಿಂತ ಸಪೂರ. ಭೂಮಿ ಎಳೆಯ ನಡುವೆ ನುಗ್ಗುವಾಗ ಚಂದ್ರ ಅಂಚಿನಲ್ಲಿ ಉಳಿಯಬಹುದು, ಅಥವಾ ನಾವು ತಪ್ಪಿಸಿಕೊಂಡ ಮಳೆಯಲ್ಲಿ ಅವನು ಪೂರ್ತಿ ನೆನೆಯಬಹುದು.

ಇಲ್ಲಿ ತಿಥಿ ಮುಖ್ಯವಾಗುತ್ತದೆ. ಅಮಾವಾಸ್ಯೆಯಂದು ಚಂದ್ರ ನಮಗಿಂತ ಸೂರ್ಯನ ಕಡೆಗೆ ಇರುತ್ತಾನೆ, ಹುಣ್ಣಿಮೆಯಂದು ಆಚೆಗೆ. ಎಳೆಯ ನಡುವಿನಿಂದ ಅವನು ಎಷ್ಟು ದೂರ ಎಂಬುದನ್ನು, ಹಾಗಾಗಿ ಮಳೆಯ ಜೋರನ್ನು, ಇದು ಬದಲಿಸುತ್ತದೆ. ಬಹುಳ ಅಷ್ಟಮಿಯ ಹೊತ್ತಿಗೆ ಚಂದ್ರ ಭೂಮಿಯ ದಾರಿಯಲ್ಲಿ ನಮಗಿಂತ ಮುಂದೆ. ಶುದ್ಧ ಅಷ್ಟಮಿಯ ಹೊತ್ತಿಗೆ ಹಿಂದೆ. ಭೂಮಿ ಸೆಕೆಂಡಿಗೆ 30 ಕಿ.ಮೀ. ಓಡುವುದರಿಂದ ಆ ಅಂತರ ದಾಟಲು ಸುಮಾರು ಮೂರೂವರೆ ಗಂಟೆ ಬೇಕು. ಚಂದ್ರನ ಮೇಲಿನ ಮಳೆ ಅಷ್ಟು ಮುಂಚೆ ಅಥವಾ ಅಷ್ಟು ತಡವಾಗಿ ಬರಬಹುದು.

1999ರಲ್ಲಿ ಆಗ ತಾನೇ ಶುದ್ಧ ಅಷ್ಟಮಿ ಕಳೆದಿತ್ತು. ಚಂದ್ರ ನಮ್ಮ ಹಿಂದಿದ್ದ. ಭೂಮಿಯ ಮಳೆ ತುದಿಮುಟ್ಟಿ ಎರಡೂಮುಕ್ಕಾಲು ಗಂಟೆಯಾದ ಮೇಲೆ, ನಮ್ಮಲ್ಲಿ 10 ಗಂಟೆ 16 ನಿಮಿಷವಾಗಿದ್ದಾಗ, ಅಮೆರಿಕದ ಟೆಕ್ಸಾಸಿನಲ್ಲಿ ಬ್ರಯನ್ ಕುಡ್ನಿಕ್ ಚಂದ್ರನ ಕತ್ತಲ ಭಾಗದಲ್ಲಿ ಒಂದು ಮಿಂಚನ್ನು ದೂರದರ್ಶಕದಲ್ಲಿ ಕಂಡರು. ಮೇರಿಲ್ಯಾಂಡಿನಲ್ಲಿ ಡೇವಿಡ್ ಡನ್‌ಹ್ಯಾಮ್ ಮಾಡಿದ್ದ ವಿಡಿಯೊದಲ್ಲೂ ಅದೇ ಕ್ಷಣಕ್ಕೆ ಅದೇ ಮಿಂಚು ಇತ್ತು. ಚಂದ್ರನಿಗೆ ಉಲ್ಕೆ ಬಡಿದ ಹೊಳಪು ಹೀಗೆ ಎರಡು ಕಡೆಯಿಂದ ಖಚಿತವಾದದ್ದು ಅದೇ ಮೊದಲು.

ಅಲ್ಲಿ ಕಾಣುವುದು ಗೀರಲ್ಲ, ಮಿಂಚು. ಗಾಳಿಯಿಲ್ಲದ ಚಂದ್ರನಲ್ಲಿ ಉಲ್ಕೆ ಉರಿಯುತ್ತ ಇಳಿಯುವುದಿಲ್ಲ, ನೇರ ನೆಲಕ್ಕೆ ಅಪ್ಪಳಿಸುತ್ತದೆ. ಲಿಯೊನಿಡ್ ಕಣಗಳ ವೇಗ ಸೆಕೆಂಡಿಗೆ ಸುಮಾರು 71 ಕಿ.ಮೀ. ಆ ವೇಗದಲ್ಲಿ ಒಂದು ಕಿಲೊ ತೂಕದ ತುಂಡು ಬಡಿದರೆ ಸುಮಾರು 600 ಕಿಲೊ ಟಿಎನ್‌ಟಿ ಸ್ಫೋಟಕ ಸಿಡಿದಷ್ಟು ಶಕ್ತಿ.

ಆ ಸಲ ಇನ್ನೊಂದು ಅನುಕೂಲವೂ ಕೂಡಿಬಂದಿತ್ತು. ಲಿಯೊನಿಡ್ ಕಣಗಳು ಭೂಮಿಗೆ ಹೆಚ್ಚುಕಡಿಮೆ ಎದುರಿನಿಂದ ಬರುತ್ತವೆ. ಚಂದ್ರ ನಮ್ಮ ಹಿಂದಿದ್ದರೆ ಅವನ ನಮಗೆ ಕಾಣುವ ಮುಖವೇ ಆ ಏಟಿಗೆ ಎದುರಾಗುತ್ತದೆ. ಬಹುಳ ಅಷ್ಟಮಿಯಾಗಿದ್ದರೆ ಅವೆಲ್ಲ ಬೀಳುತ್ತಿದ್ದದ್ದು ಆಚೆ ಬದಿಗೆ. ಲೆಕ್ಕ ಎಷ್ಟು ಸರಿಯಿದ್ದರೂ ನಮಗೆ ಏನೂ ಕಾಣುತ್ತಿರಲಿಲ್ಲ. ಹಾಗಾಗಿ ಮುನ್ಸೂಚನೆ ಕೊಡುವವರು ಹೊತ್ತು, ಜೋರು, ಬೀಳುವ ಬದಿ ಮೂರನ್ನೂ ಹೇಳಬೇಕಾಗುತ್ತದೆ.

ಎಲ್ಲ ಉಲ್ಕಾವೃಷ್ಟಿಗೂ ಇಷ್ಟು ಸೂಕ್ಷ್ಮ ಬೇಕಿಲ್ಲ. ಡಿಸೆಂಬರಿನ ಜೆಮಿನಿಡ್ ದೂಳು ಹಳೆಯದು, ಅಗಲವಾಗಿ ಹರಡಿದ್ದು. ಭೂಮಿ, ಚಂದ್ರ ಇಬ್ಬರೂ ಅದರಲ್ಲಿ ದಿನಗಟ್ಟಲೆ ಇರುತ್ತಾರೆ. 2013ರ ಡಿಸೆಂಬರಿನಲ್ಲಿ ಚಂದ್ರನನ್ನು ಸುತ್ತುತ್ತಿದ್ದ ನಾಸಾದ ಲ್ಯಾಡೀ ನೌಕೆ, ಜೆಮಿನಿಡ್ ಬಂದಾಗ ಚಂದ್ರನ ಸುತ್ತಲಿನ ದೂಳಿನ ಮೋಡ ದಟ್ಟವಾದದ್ದನ್ನು ಅಳೆಯಿತು. ಅದೇ ನೌಕೆಯ ಇನ್ನೊಂದು ಉಪಕರಣ, ಉಲ್ಕಾವೃಷ್ಟಿಯ ದಿನಗಳಲ್ಲಿ ಚಂದ್ರನ ನೆಲದಿಂದ ನೀರಿನ ಆವಿ ಮೇಲೇಳುವುದನ್ನೂ ಕಂಡಿತು. ಮೇಲಿನ ಕೆಲವು ಸೆಂಟಿಮೀಟರ್ ಒಣ ಮಣ್ಣನ್ನು ಸೀಳಿದ ಏಟುಗಳು ಕೆಳಗಿನ ಪಸೆಯನ್ನು ಹೊರಹಾಕುತ್ತಿದ್ದವು.

ಟೆಂಪೆಲ್–ಟಟಲ್ ಮತ್ತೆ ಸೂರ್ಯನ ಬಳಿಗೆ ಬರುವುದು 2031ರಲ್ಲಿ.