ಟ್ಯಾರೋ ಈಜಿಪ್ಟಿನದ್ದಾ? ಅಲ್ಲ ರೀ, ಇಟಲಿಯವರ ಇಸ್ಪೀಟು ಅದು

ಪ್ರಶ್ನೆ: ಟ್ಯಾರೋ ಕಾರ್ಡುಗಳನ್ನ ಸಾವಿರಾರು ವರ್ಷದ ಹಿಂದೆ ಈಜಿಪ್ಟಿನ ಪೂಜಾರಿಗಳು ಮಾಡಿದ್ದಂತೆ, ಅವರ ಗುಪ್ತ ವಿದ್ಯೆ ಎಲ್ಲಾ ಆ ಚಿತ್ರಗಳಲ್ಲಿ ಬಚ್ಚಿಟ್ಟಿದಾರಂತೆ. ನಿಜಾನಾ?

ನಿಜ ಅಲ್ಲ. ಈ ಪ್ರಶ್ನೆ ನನಗೆ ತಿಂಗಳಿಗೆ ಎರಡು ಮೂರು ಸಲ ಬರತ್ತೆ, ಪ್ರತಿ ಸಲ ‘ಇಟಲಿ, 15ನೇ ಶತಮಾನ, ಆಡೋಕೆ ಮಾಡಿದ್ದು’ ಅಂತ ಒಂದು ಸಾಲು ಬರೆದು ಕಳಿಸ್ತೀನಿ, ಅದಕ್ಕೆ ವಾಪಸ್ಸು ‘ಇಲ್ಲ, ನಾನು ವಿಡಿಯೋದಲ್ಲಿ ನೋಡಿದೀನಿ’ ಅಂತ ಬರತ್ತೆ. ಸಾಕಾಗಿ ಈ ಸಲ ಪೂರ್ತಿ ಬರೀತಾ ಇದೀನಿ, ಮುಂದೆ ಯಾರು ಕೇಳಿದ್ರೂ ಇದನ್ನೇ ತೋರಿಸ್ತೀನಿ. ಕಾರ್ಡ್ ಹಾಕಿ ಭವಿಷ್ಯ ಹೇಳೋದು ಸರಿನಾ ತಪ್ಪಾ ಅನ್ನೋ ಜಗಳಕ್ಕೆ ನಾನಿಲ್ಲಿ ಬರಲ್ಲ, ಕಾರ್ಡು ಎಲ್ಲಿಂದ ಬಂತು ಅನ್ನೋದಷ್ಟೇ ವಿಷಯ.

ಆ ಈಜಿಪ್ಟ್ ಕಥೆ ಯಾರು ಹುಟ್ಟಿಸಿದ್ದು, ಯಾವ ವರ್ಷ ಅನ್ನೋದು ನಮಗೆ ಗೊತ್ತು, ಅದೇ ಇದರಲ್ಲಿ ಗಮನಿಸಬೇಕಾದ್ದು. 1781, ಪ್ಯಾರಿಸ್. ಆಂಟ್ವಾನ್ ಕೂರ್ ದ ಜೆಬ್ಲಾಂ ಅಂತ ಒಬ್ಬ ಪ್ರಾಟೆಸ್ಟೆಂಟ್ ಪಾದ್ರಿ, ದೊಡ್ಡ ಪಂಡಿತ, ಪ್ರಾಚೀನ ಜಗತ್ತಿನ ಬಗ್ಗೆ ಸಂಪುಟಗಳ ಮೇಲೆ ಸಂಪುಟ ಬರೀತಿದ್ದ. ಒಂದು ದಿನ ಒಬ್ಬ ಶ್ರೀಮಂತ ಹೆಂಗಸಿನ ಮನೆಗೆ ಹೋದಾಗ ಅವರು ಟ್ಯಾರೋ ಆಡ್ತಾ ಕೂತಿದ್ರು. ಆಗ ಪ್ಯಾರಿಸ್ಸಿನಲ್ಲಿ ಆ ಆಟ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ, ಈತನಿಗೆ ಚಿತ್ರಗಳು ವಿಚಿತ್ರವಾಗಿ ಕಂಡ್ವು. ಕಾಲು ಗಂಟೆಯೊಳಗೆ ಎಲ್ಲಾ ಕಾರ್ಡು ನೋಡಿ, ಎಲ್ಲದಕ್ಕೂ ಅರ್ಥ ಹೇಳಿ, ಇದು ಈಜಿಪ್ಟಿನದು ಅಂತ ಸಾರಿಬಿಟ್ಟೆ ಅಂತ ಅವನೇ ತನ್ನ 8ನೇ ಸಂಪುಟದಲ್ಲಿ ಬರ್ಕೊಂಡಿದಾನೆ. ಕಾಲು ಗಂಟೆ! ನಾವು ಇವತ್ತು ಕೇಳ್ತಿರೋ ‘ಸಾವಿರಾರು ವರ್ಷದ ರಹಸ್ಯ’ದ ಬುಡ ಅಷ್ಟೇ.

ಇನ್ನು ಅವನ ವಾದ ನೋಡಿ. ‘ತಾರ್’ ಅಂದ್ರೆ ಈಜಿಪ್ಟ್ ಭಾಷೆಯಲ್ಲಿ ದಾರಿ, ‘ರೋ’ ಅಂದ್ರೆ ರಾಜ, ಹಾಗಾಗಿ ಟ್ಯಾರೋ ಅಂದ್ರೆ ರಾಜಮಾರ್ಗ ಅಂದ. ಆದ್ರೆ 1781ರಲ್ಲಿ ಈಜಿಪ್ಟಿನ ಚಿತ್ರಲಿಪಿ ಓದೋಕೆ ಬರ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಭೂಮಿ ಮೇಲೆ ಇರಲಿಲ್ಲ. ಆ ಲಿಪಿಗೆ ಕೀಲಿಯಾದ ರೊಸೆಟ್ಟಾ ಕಲ್ಲು (ಒಂದೇ ವಿಷಯ ಚಿತ್ರಲಿಪಿಯಲ್ಲೂ ಗ್ರೀಕಿನಲ್ಲೂ ಕೆತ್ತಿದ್ದು) ಸಿಕ್ಕಿದ್ದೇ 1799ರಲ್ಲಿ, ಶಾಂಪೋಲಿಯೋನ್ ಅನ್ನೋ ಫ್ರೆಂಚ್ ಪಂಡಿತ ಆ ಲಿಪಿಯನ್ನ ಬಿಡಿಸಿದ್ದು 1822ರಲ್ಲಿ, ಅಂದ್ರೆ ಜೆಬ್ಲಾಂ ಬರೆದು 41 ವರ್ಷ ಆದ್ಮೇಲೆ, ಅಷ್ಟರಲ್ಲಿ ಅವನು ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ಲಿಪಿ ಓದೋಕೆ ಬಂದ ಮೇಲೆ ನೋಡಿದ್ರೆ ಆ ‘ತಾರ್-ರೋ’ ರಾಜಮಾರ್ಗ ಎಲ್ಲೂ ಸಿಗಲಿಲ್ಲ. ಹಳೇ ಈಜಿಪ್ಟಿನ ಗೋರಿಗಳಲ್ಲಿ ಆಟದ ಹಲಗೆ ಸಿಕ್ಕಿವೆ, ಕಾಯಿ ಸಿಕ್ಕಿವೆ, ಒಂದೇ ಒಂದು ಕಾರ್ಡ್ ಸಿಕ್ಕಿಲ್ಲ. ಕಾರ್ಡಿಗೆ ಕಾಗದ ಬೇಕು, ಕಾಗದ ಚೀನಾದಿಂದ ಅರಬ್ಬರ ಕಡೆಗೆ ಬಂದಿದ್ದೇ 8ನೇ ಶತಮಾನದಲ್ಲಿ.

ಇದೆಲ್ಲ ಬಿಡಿ, ಕಾರ್ಡನ್ನೇ ಕೈಯಲ್ಲಿ ಹಿಡಿದು ನೋಡಿ. ಅಲ್ಲಿ ಪೋಪ್ ಕೂತಿದಾನೆ, ಚಕ್ರವರ್ತಿ ಕೂತಿದಾನೆ, ಒಂದರಲ್ಲಿ ದೇವದೂತ ಕಹಳೆ ಊದ್ತಿದಾನೆ, ಕೆಳಗೆ ಸತ್ತವರು ಗೋರಿಯಿಂದ ಎದ್ದು ಬರ್ತಿದಾರೆ. ಇದು ಚರ್ಚಿನ ಗೋಡೆ ಮೇಲೆ ಬರೀತಿದ್ದ ಕಡೇ ತೀರ್ಪಿನ ದಿನದ ಚಿತ್ರ. ಫೇರೋ ಕಾಲದ ಪೂಜಾರಿಗೆ ಪೋಪ್ ಎಲ್ಲಿಂದ ಗೊತ್ತಾಗಬೇಕು ಹೇಳಿ.

ಆಮೇಲೆ ಇನ್ನೊಂದು ವಾದ ಬರತ್ತೆ, ಟ್ಯಾರೋದ 78 ಕಾರ್ಡಿನಲ್ಲಿ ಮಾಮೂಲಿ ಇಸ್ಪೀಟಿನ ಹಾಗಿರೋವನ್ನ ಬಿಟ್ರೆ 22 ವಿಶೇಷ ಚಿತ್ರ ಇದಾವೆ, ಹೀಬ್ರೂ ಅಕ್ಷರಾನೂ 22, ಇದು ಕಾಕತಾಳೀಯ ಆಗೋಕೆ ಹೇಗೆ ಸಾಧ್ಯ ಅಂತ. ಆಗೋಕೆ ಸಾಧ್ಯ. ಶುರುವಿನಲ್ಲಿ ಆ ಸಂಖ್ಯೆನೇ ಗಟ್ಟಿಯಾಗಿರಲಿಲ್ಲ. ಮಿಲಾನಿನ ಒಂದು ಹಳೇ ಕಟ್ಟಿನಲ್ಲಿ ಶ್ರದ್ಧೆ, ಭರವಸೆ, ದಾನ ಅನ್ನೋ ಮೂರು ಕ್ರಿಶ್ಚಿಯನ್ ಗುಣಗಳ ಕಾರ್ಡುಗಳೂ ಇದಾವೆ, ಅವು ಆಮೇಲಿನ ಟ್ಯಾರೋದಲ್ಲಿ ಇಲ್ಲ. ಫ್ಲಾರೆನ್ಸಿನವರು ಮಿಂಕಿಯಾತೆ ಅಂತ 97 ಕಾರ್ಡಿನ ಆಟ ಮಾಡ್ಕೊಂಡ್ರು, ಅದರಲ್ಲಿ 12 ರಾಶಿಗಳನ್ನೂ ಪಂಚಭೂತದ ಹಾಗೆ ಅವರ ನಾಲ್ಕು ಭೂತಗಳನ್ನೂ ಸೇರಿಸಿ 40 ಚಿತ್ರ ಮಾಡಿದ್ರು. ಆಟ ಉದ್ದ ಆಗಲಿ ಅಂತ ಕಾರ್ಡು ಸೇರಿಸ್ತಾರೆ, ಚಿಕ್ಕದಾಗಲಿ ಅಂತ ಕಿತ್ತು ಹಾಕ್ತಾರೆ. ಬೊಲೋನ್ಯಾದವರು ಈಗ್ಲೂ 62 ಕಾರ್ಡಿನಲ್ಲೇ ಆಡ್ತಾರೆ.

ಹಾಗಾದ್ರೆ ನಿಜವಾಗಿ ಬಂದಿದ್ದು ಎಲ್ಲಿಂದ? ಇಲ್ಲಿ ಈಜಿಪ್ಟಿಗೆ ಒಂದು ಪಾತ್ರ ಇದೆ, ಅದನ್ನ ಮುಚ್ಚಿಡಬಾರದು, ಆದ್ರೆ ಅದು ಫೇರೋಗಳ ಈಜಿಪ್ಟ್ ಅಲ್ಲ, ಎಷ್ಟೋ ಕಾಲ ಆದ್ಮೇಲೆ ಅಲ್ಲಿ ಆಳಿದ ಮಾಮ್ಲುಕ್ ಅನ್ನೋ ಮುಸ್ಲಿಂ ಸುಲ್ತಾನರದ್ದು. 14ನೇ ಶತಮಾನದಲ್ಲಿ ಸಾಮಾನ್ಯ ಇಸ್ಪೀಟಿನ ಕಟ್ಟು ಆ ಕಡೆಯಿಂದ ಮೆಡಿಟರೇನಿಯನ್ ದಾಟಿ ಯುರೋಪಿಗೆ ಬಂತು. 1377ರಲ್ಲೇ ಫ್ಲಾರೆನ್ಸ್ ನಗರದವರು ‘ನಾಯಿಬ್ಬೆ ಅಂತ ಹೊಸ ಆಟ ಬಂದಿದೆ’ ಅಂತ ಅದಕ್ಕೆ ಕಡಿವಾಣ ಹಾಕಿದ್ರು. ಮಾಮ್ಲುಕ್ ಕಟ್ಟಿನಲ್ಲಿ ರಾಜನ ಕೆಳಗಿನ ಕಾರ್ಡಿಗೆ ನಾಯಿಬ್ ಅಂತ ಹೆಸರು, ಅಂದ್ರೆ ಪ್ರತಿನಿಧಿ. ನಮ್ಮ ಕಡೆ ‘ನವಾಬ’ ಅಂತೀವಲ್ಲ, ಅದೂ ಇದೇ ಅರಬ್ಬಿ ಪದದ ಬಹುವಚನದಿಂದ ಬಂದಿದ್ದು. ಆ ಕಟ್ಟಿನ ನಾಲ್ಕು ಗುರುತು ಬಟ್ಟಲು, ನಾಣ್ಯ, ಕತ್ತಿ ಮತ್ತೆ ಪೋಲೋ ಆಡೋ ಕೋಲು. ಇಟಲಿಯವರಿಗೆ ಪೋಲೋ ಗೊತ್ತಿಲ್ಲ, ಹಾಗಾಗಿ ಆ ಕೋಲು ಬರೀ ದೊಣ್ಣೆ ಆಯ್ತು. ಇವತ್ತು ಟ್ಯಾರೋ ಓದೋರು ‘ವಾಂಡ್ಸ್’ ಅಂತ ಮಂತ್ರದಂಡ ಮಾಡ್ಕೊಂಡಿರೋದು ಅದೇ ಪೋಲೋ ಕೋಲನ್ನ. ಅಂಥ ಒಂದು ಮಾಮ್ಲುಕ್ ಕಟ್ಟು ಇಸ್ತಾನ್‌ಬುಲ್ಲಿನ ತೋಪ್ಕಾಪಿ ಅರಮನೆಯಲ್ಲಿ ಉಳಿದಿದೆ, ಅದರಲ್ಲಿ ಮನುಷ್ಯರ ಚಿತ್ರಾನೇ ಇಲ್ಲ, ಬರೀ ಬಳ್ಳಿ, ಹೂವು, ಬರಹ.

ಟ್ಯಾರೋದ ಚಿತ್ರಗಳು, ಆ ಪೋಪ್, ಪ್ರೇಮಿಗಳು, ಸಾವು, ಚಂದ್ರ, ಸೂರ್ಯ, ಅವೆಲ್ಲ ಇಟಲಿಯವರ ಸೇರ್ಪಡೆ. ಉತ್ತರ ಇಟಲಿ, ಹತ್ತಿರ ಹತ್ತಿರ 1440. ಆ ವರ್ಷ ಸೆಪ್ಟೆಂಬರಿನಲ್ಲಿ ಜುಸ್ತೋ ಜುಸ್ತಿ ಅನ್ನೋನು ಫ್ಲಾರೆನ್ಸಿನಲ್ಲಿ ಮಾಡಿಸಿದ ಒಂದು ಕಟ್ಟನ್ನ ರಿಮಿನಿಯ ದೊರೆ ಸಿಜಿಸ್ಮೊಂದೋ ಮಾಲಾತೆಸ್ತಾಗೆ ಕೊಟ್ಟೆ ಅಂತ ಡೈರಿಯಲ್ಲಿ ಬರೆದಿಟ್ಟಿದಾನೆ, 1442ರಲ್ಲಿ ಫೆರಾರಾದ ಅರಮನೆ ಲೆಕ್ಕದ ಪುಸ್ತಕದಲ್ಲೂ ಇದರ ಖರ್ಚು ಇದೆ. ಆಗ ಹೆಸರು ಟ್ಯಾರೋ ಅಲ್ಲ, ‘ತ್ರಿಯೋನ್ಫಿ’, ಅಂದ್ರೆ ವಿಜಯಗಳು. ‘ತಾರೋಕಿ’ ಅನ್ನೋ ಹೆಸರು ಕಾಣಿಸೋದು ಇನ್ನೊಂದು ಅರವತ್ತು ವರ್ಷ ಆದ್ಮೇಲೆ. ಆಟ ಸುಲಭ, ಒಬ್ಬ ಎಲೆ ಇಳಿಸ್ತಾನೆ, ಉಳಿದವರು ಅದೇ ಬಣ್ಣ ಹಾಕ್ತಾರೆ, ಬಣ್ಣ ಇಲ್ಲದವನು ಈ ಚಿತ್ರದ ಎಲೆ ಹಾಕಿ ಹೊಡೀತಾನೆ, ಚಿತ್ರಗಳಲ್ಲೂ ಒಂದರ ಮೇಲೊಂದು ಅಂತಸ್ತು. ಪ್ರೇಮವನ್ನ ಸಾವು ಹೊಡಿಯತ್ತೆ, ಸಾವನ್ನ ಕಡೇ ತೀರ್ಪಿನ ದೇವದೂತ ಹೊಡೀತಾನೆ. ಊರಿನ ಮೆರವಣಿಗೆಗಳಲ್ಲಿ ಒಂದು ರಥದ ಹಿಂದೆ ಅದನ್ನ ಮೀರಿಸೋ ಇನ್ನೊಂದು ರಥ ಬರೋದನ್ನ ನೋಡಿದ್ದ ಜನಕ್ಕೆ ಇದನ್ನ ಯಾರೂ ವಿವರಿಸಬೇಕಾಗಿರಲಿಲ್ಲ.

ಮಿಲಾನಿನ ಡ್ಯೂಕರ ಮನೆಗೆ ಮಾಡಿದ ವಿಸ್ಕೊಂತಿ-ಸ್ಫೋರ್ಜಾ ಕಟ್ಟು ಇವತ್ತಿಗೂ ಇದೆ, 74 ಕಾರ್ಡು ಉಳಿದಿವೆ, ಸ್ವಲ್ಪ ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿ, ಸ್ವಲ್ಪ ಬೆರ್ಗಾಮೋದಲ್ಲಿ. ಒಂದೊಂದೂ 17 ಸೆಂಟಿಮೀಟರಿಗಿಂತ ಜಾಸ್ತಿ ಉದ್ದ, ಮೊಬೈಲಿಗಿಂತ ದೊಡ್ಡದು, ಚಿತ್ರದ ಕಾರ್ಡುಗಳ ಹಿನ್ನೆಲೆಗೆ ಚಿನ್ನದ ರೇಕು ಅಂಟಿಸಿ ಅದರ ಮೇಲೆ ಸಣ್ಣ ಸಣ್ಣ ಗುಳಿ ಕುಟ್ಟಿ ವಿನ್ಯಾಸ ಮಾಡಿದಾರೆ. ಮೇಲ್ಗಡೆ ಮಧ್ಯದಲ್ಲಿ ಒಂದು ಪುಟ್ಟ ತೂತು, ಯಾರೋ ಯಾವಾಗ್ಲೋ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಾಗೆ. ಆ ಕಟ್ಟಿನ ಒಂದು ಕಾರ್ಡಿನಲ್ಲಿ ಒಬ್ಬ ಮುದುಕ ಕೈಯಲ್ಲಿ ಮರಳುಗಡಿಯಾರ ಹಿಡಿದು ನಿಂತಿದಾನೆ. ಅವನು ಕಾಲ, ಹಳೇ ಹೆಸರುಗಳಲ್ಲಿ ‘ಮುದುಕ’, ‘ಗೂನ’ ಅಂತ ಇದೆ. ಆಮೇಲೆ ಮರದಚ್ಚಿನಲ್ಲಿ ನಕಲಿನ ಮೇಲೆ ನಕಲು ತೆಗೀತಾ ತೆಗೀತಾ ಆ ಮರಳುಗಡಿಯಾರ ಲಾಂದ್ರ ಆಗಿಹೋಯ್ತು, ಮುದುಕ ಸನ್ಯಾಸಿ ಆದ. ಇವತ್ತು ಆ ಕಾರ್ಡ್ ಬಂದ್ರೆ ‘ಒಳಗಿನ ಬೆಳಕನ್ನ ಹುಡುಕಿ’ ಅಂತಾರಲ್ಲ, ಆ ಬೆಳಕು ಮೊದಲು ಮರಳಾಗಿತ್ತು.

ತಲೆಕೆಳಗಾಗಿ ಒಂದು ಕಾಲಲ್ಲಿ ನೇತಾಡೋ ಮನುಷ್ಯನ ಕಾರ್ಡ್ ಬಗ್ಗೆ ನಾನು ಎಷ್ಟು ಸಲ ಹೇಳಿದ್ರೂ ಸಾಲದು. ತ್ಯಾಗ, ಧ್ಯಾನ, ಹೊಸ ದೃಷ್ಟಿ, ಯೋಗಾಸನ ಅಂತ ಕೂಡ ಹೇಳಿದವರಿದಾರೆ. ಹಳೇ ಇಟಲಿಯಲ್ಲಿ ಅವನ ಹೆಸರು ‘ದ್ರೋಹಿ’. ಅಲ್ಲಿನ ನಗರಗಳಲ್ಲಿ ಒಂದು ಶಿಕ್ಷೆ ಇತ್ತು, ದ್ರೋಹ ಮಾಡಿದೋನು ಓಡಿಹೋಗಿ ಕೈಗೆ ಸಿಗದೇ ಇದ್ರೆ ಅವನನ್ನ ತಲೆಕೆಳಗಾಗಿ ನೇತುಹಾಕಿದ ಹಾಗೆ ಊರ ಗೋಡೆ ಮೇಲೆ ಚಿತ್ರ ಬರೆಸೋದು, ಹೋಗೋರು ಬರೋರೆಲ್ಲ ನೋಡಲಿ ಅಂತ. 1440ರಲ್ಲೇ, ಜುಸ್ತಿ ಡೈರಿಯಲ್ಲಿ ಕಾರ್ಡಿನ ವಿಷಯ ಬರೆದ ಅದೇ ವರ್ಷ, ಫ್ಲಾರೆನ್ಸಿನಲ್ಲಿ ಆಂದ್ರೆಯಾ ದೆಲ್ ಕಸ್ತಾನ್ಯೋ ಅನ್ನೋ ಚಿತ್ರಕಾರ ದಂಗೆ ಎದ್ದವರನ್ನ ಹೀಗೆ ಸರ್ಕಾರಿ ಕಟ್ಟಡದ ಮೇಲೆ ಬರೆದ, ಆಮೇಲೆ ಜನ ಅವನನ್ನ ‘ನೇತಾಡೋರ ಆಂದ್ರೆಯಾ’ ಅಂತಾನೇ ಕರೀತಿದ್ರು. ಮಿಲಾನಿನ ಡ್ಯೂಕ್ ಫ್ರಾಂಚೆಸ್ಕೋ ಸ್ಫೋರ್ಜಾನ ಸ್ವಂತ ಅಪ್ಪನ ಚಿತ್ರಾನೂ ಒಂದು ಕಾಲದಲ್ಲಿ ರೋಮಿನಲ್ಲಿ ಹಾಗೇ ನೇತಾಡ್ತಿತ್ತು. ಆ ಕಾರ್ಡ್ ನೋಡಿದಾಗ ಆ ಮನೆಯವರಿಗೆ ಏನು ನೆನಪಾಗಿರಬಹುದು ಅಂತ ಯೋಚನೆ ಮಾಡಿ. ಇಂಥ ಅರ್ಥ ಇರೋ ಚಿತ್ರದ ಮೇಲೆ ಈಜಿಪ್ಟಿನ ಕಂಬಳಿ ಹೊದಿಸಿದ್ರೆ ನನಗೆ ನಿಜವಾಗ್ಲೂ ಬೇಜಾರಾಗತ್ತೆ.

ಭವಿಷ್ಯ ಹೇಳೋದು ಯಾವಾಗ ಶುರುವಾಯ್ತು ಅಂದ್ರೆ, ಬೊಲೋನ್ಯಾದಲ್ಲಿ 18ನೇ ಶತಮಾನದ ಒಂದು ಹಾಳೆ ಸಿಕ್ಕಿದೆ, ಅದರಲ್ಲಿ 35 ಕಾರ್ಡಿಗೆ ಚುಟುಕಾಗಿ ಅರ್ಥ ಬರೆದಿದಾರೆ. ದೊಡ್ಡ ಮಟ್ಟದಲ್ಲಿ ಹಬ್ಬಿದ್ದು ಜೆಬ್ಲಾಂ ಪುಸ್ತಕ ಬಂದ ಮೇಲೆ. ಅವನ ಬೆನ್ನಿಗೇ ಎತ್ತೇಯಾ ಅನ್ನೋನು 1785ರಲ್ಲಿ ಭವಿಷ್ಯ ಹೇಳೋ ಪುಸ್ತಕ ತಂದ, ಆಮೇಲೆ ಅದಕ್ಕೇ ಅಂತ ಬೇರೆ ಕಟ್ಟನ್ನೂ ಮಾಡಿದ. 1850ರ ದಶಕದಲ್ಲಿ ಎಲಿಫಾಸ್ ಲೆವಿ ಅನ್ನೋ ಫ್ರೆಂಚ್ ಗುಪ್ತವಿದ್ಯೆಯವನು ಹೀಬ್ರೂ ಅಕ್ಷರ, ಕಬ್ಬಾಲಾ ಅನ್ನೋ ಯಹೂದಿಗಳ ಗೂಢವಿದ್ಯೆ ಎಲ್ಲ ಸೇರಿಸಿ ಹೊಸೆದ. ನೀವು ಇವತ್ತು ಆನ್‌ಲೈನಲ್ಲಿ ತರಿಸ್ಕೊಳ್ಳೋ ಕಟ್ಟು ಬಹುಮಟ್ಟಿಗೆ 1909ರಲ್ಲಿ ಲಂಡನ್ನಿನಲ್ಲಿ ಬಂದದ್ದರ ಮಕ್ಕಳು ಮೊಮ್ಮಕ್ಕಳು. ಅದನ್ನ ಮಾಡಿಸಿದ ಆರ್ಥರ್ ವೇಟ್ ಸ್ವತಃ ಗುಪ್ತವಿದ್ಯೆಯ ಮನುಷ್ಯ, ಆದ್ರೂ ಈ ಈಜಿಪ್ಟ್ ಕಥೆಯನ್ನ ಅವನೇ ಒಪ್ಪಿಲ್ಲ. ಅದರ 78 ಚಿತ್ರ ಬರೆದದ್ದು ಪಮೇಲಾ ಕೋಲ್ಮನ್ ಸ್ಮಿತ್ ಅನ್ನೋ ಕಲಾವಿದೆ. ದೊಡ್ಡ ಕೆಲಸ, ಸಿಕ್ಕಿದ ದುಡ್ಡು ತೀರಾ ಕಡಿಮೆ ಅಂತ ಅವಳೇ ಆ ವರ್ಷ ಪತ್ರದಲ್ಲಿ ಬರೆದಿದ್ದಳು. ಡಬ್ಬಿ ಮೇಲೆ ವರ್ಷಗಟ್ಟಲೆ ಅವಳ ಹೆಸರಿರಲಿಲ್ಲ, ಆದ್ರೆ ಕಾರ್ಡಿನ ಕೆಳಗಿನ ಮೂಲೆ ನೋಡಿ, ಹಾವಿನ ಹಾಗೆ ಸುತ್ತಿಕೊಂಡ ಒಂದು ಪುಟ್ಟ ಸಹಿ ಇದೆ, ಅದು ಅವಳದ್ದು. ಕಟ್ಟು ಇದ್ದೋರು ಈಗ್ಲೇ ತೆಗೆದು ಹುಡುಕಿ.

ಇನ್ನು ಯಾರೂ ಕೇಳದೇ ಇದ್ರೂ ನಾನು ಹೇಳಲೇಬೇಕಾದ್ದು ಒಂದಿದೆ. ಮೇಲೆ ತ್ರಿಯೋನ್ಫಿ ಅಂದ್ನಲ್ಲ, ಬೇರೆ ಬಣ್ಣವನ್ನ ಹೊಡಿಯೋ ಎಲೆ, ಆ ಹೆಸರು ಫ್ರೆಂಚಿನಲ್ಲಿ ತ್ರಿಯೋಂಫ್ ಆಯ್ತು, ಇಂಗ್ಲಿಷಿನಲ್ಲಿ ಟ್ರಂಪ್ ಆಯ್ತು, ಪೋರ್ಚುಗೀಸರಲ್ಲಿ ತ್ರುನ್ಫು, ಡಚ್ಚರಲ್ಲಿ ಟ್ರೂಫ್. ಹಡಗು ಹತ್ತಿ ನಮ್ಮ ಕಡೆ ಬಂದಾಗ ತುರುಪು. ಪೇಪರಿನವರು ಎಲೆಕ್ಷನ್ ಬಂದಾಗೆಲ್ಲ ‘ತುರುಪಿನ ಎಲೆ’ ಅಂತ ಬರೀತಾರಲ್ಲ, ಅದೇ. ಇಸ್ಪೀಟು ಅನ್ನೋ ಪದಾನೂ ನೋಡಿ, ಇಂಗ್ಲಿಷಿನ ಸ್ಪೇಡ್ ಅನ್ನೋದು ಇಟಲಿ, ಸ್ಪೇನಿನ ಕಟ್ಟುಗಳ ಕತ್ತಿಯ ಹೆಸರಿಂದ ಬಂದಿದ್ದು, ಸ್ಪಾದೆ, ಎಸ್ಪಾದ, ಅಂದ್ರೆ ಟ್ಯಾರೋದಲ್ಲಿರೋ ಅದೇ ಕತ್ತಿಗಳು. ಕಳಾವರ್ ಡಚ್ಚರ ಕ್ಲಾವರ್, ಆಟೀನ್ ಅವರ ಹಾರ್ಟನ್.

ಬೇಸಿಗೆ ರಜದಲ್ಲಿ ಅಜ್ಜನ ಮನೆ ಜಗಲಿ ಮೇಲೆ ನಾವು ಇಪ್ಪತ್ತೆಂಟು ಆಡ್ತಿದ್ವಿ. ಕೂಗಿದವನು ತನ್ನ ತುರುಪನ್ನ ಚಾಪೆ ಮೇಲೆ ಬೋರಲು ಇಟ್ಟು ಅದರ ಮೇಲೆ ಮೊಣಕಾಲು ಊರಿ ಕೂರ್ತಿದ್ದ, ಯಾರೂ ಇಣುಕಬಾರದು ಅಂತ. ಬಣ್ಣ ಖಾಲಿಯಾದೋನು ‘ತುರುಪು ಯಾವ್ದು ತೋರ್ಸು’ ಅಂತ ಕೇಳಿದ ಮೇಲೇನೇ ಅದು ತಿರುಗ್ತಿದ್ದದ್ದು. ಫೆರಾರಾದ ಅರಮನೆಯವರು 1442ರಲ್ಲಿ ದುಡ್ಡು ಕೊಟ್ಟು ತರಿಸಿದ ಆ ಹೆಸರನ್ನ ನಾವು ಆ ಚಾಪೆ ಮೇಲೆ ಕೂತು ಕೂಗ್ತಿದ್ವಿ.